ಅತ್ತೆಯ ಜೀಪಿಗೆ ಟೈರು ನೋಡಲು ಹೋದದ್ದು

ನನಗೆ ಗಂಡು ಒಪ್ಪುವುದಕ್ಕೆ ನಮ್ಮ ಸೋದರತ್ತೆ ತೆಗೆದುಕೊಂಡದ್ದು ಒಂದೇ ಒಂದು ಮಧ್ಯಾಹ್ನ. ತಮ್ಮ ಜೀಪಿಗೆ ಟೈರು ಒಪ್ಪುವುದಕ್ಕೆ ತೆಗೆದುಕೊಂಡದ್ದು ಒಂದು ಬೇಸಿಗೆ ಪೂರ್ತಿ! ಅವತ್ತು ಗಂಡಿನ ಕಡೆಯವರು ತಟ್ಟೆಯ ಉಪ್ಪಿಟ್ಟು ಮುಗಿಸುವ ಮೊದಲೇ ಅತ್ತೆ ಅಡಿಗೆಮನೆಗೆ ಬಂದು, “ಉಡ್ಗ ಚೆಂದಾಗವ್ನೆ, ಒಪ್ಕಳೇ” ಎಂದು ತೀರ್ಪು ಕೊಟ್ಟುಬಿಟ್ಟಿದ್ದರು. ಈ ಕಥೆ ಕೇಳಿದಾಗಲೆಲ್ಲ ನನ್ನ ಗಂಡ ಮುಖ ಊದಿಸಿಕೊಳ್ಳುತ್ತಾರೆ. “ಹಾಗಾದರೆ ನಾನು ಟೈರಿಗಿಂತ ಕಡೆಯೇನು?” ಇದಕ್ಕೆ ಏನು ಹೇಳೋಣ? ಇಷ್ಟು ವರ್ಷ ಪಂಕ್ಚರ್ ಆಗದೆ ಓಡಿದೆಯಲ್ಲ ಸಂಸಾರ, ಅಷ್ಟು ಸಾಕು ಎಂದು ಸಮಾಧಾನ ಮಾಡುತ್ತೇನೆ.

ಅತ್ತೆಯ ಮನೆ ಬಾಗೂರಿನ ಆಚೆ, ತೆಂಗಿನ ತೋಟದ ಒಳಗೇ ಇದೆ. ಅತ್ತೆಗೆ ಅರವತ್ತು ದಾಟಿದ್ದರೂ ಜೀಪು ಓಡಿಸುವುದು ಅವರೇ; ಸೆರಗು ಸೊಂಟಕ್ಕೆ ಸಿಕ್ಕಿಸಿದರೆಂದರೆ ಜೀಪು ಹೊರಟಿತು ಎಂದೇ ಲೆಕ್ಕ. ತೋಟದಿಂದ ಟಾರು ರಸ್ತೆಗೆ ಬರುವ ಓಣಿ ನಾಲೆಯ ಮಗ್ಗುಲಲ್ಲೇ ಹಾದು ಬರುತ್ತದೆ. ನಾಲೆಗೆ ನೀರು ಬಿಟ್ಟರೋ, ಜಿನುಗು ಹತ್ತಿ ಓಣಿಯೆಲ್ಲ ರಾಗಿ ಅಂಬಲಿ! ಅಲ್ಲಿ ಸಾಮಾನ್ಯ ಟೈರು ಇಳಿದರೆ ಅಲ್ಲೇ ವಾಸ. ಆದರೆ ಅತ್ತೆ ವಾರಕ್ಕೊಮ್ಮೆ ಆ ಓಣಿ ದಾಟಿ, ಚನ್ನರಾಯಪಟ್ಟಣದ ಮೇಲೆ ಹೆದ್ದಾರಿ ಹಿಡಿದು ಹಾಸನಕ್ಕೆ ಹೋಗಲೇಬೇಕಿತ್ತು. ಮಾವನಿಗೆ ಲಕ್ವ ಹೊಡೆದಿತ್ತು. ಕೈಕಾಲಿನ ವ್ಯಾಯಾಮ, ಮಾತಿನ ಅಭ್ಯಾಸ ಎರಡೂ ಹಾಸನದಲ್ಲಿ. ಒಂದು ವಾರ ತಪ್ಪಿದರೆ ಬಂದ ಗುಣ ಹಿಂದಕ್ಕೆ ಹೋಗುತ್ತದೆ ಎಂದು ಡಾಕ್ಟರು ಹೇಳಿದ್ದರು.

ಜೀಪು ಸೆಕೆಂಡ್ ಹ್ಯಾಂಡು. ಮೊದಲಿದ್ದ ಮಾಲೀಕನಿಗೆ ಸಕಲೇಶಪುರದ ಗುಡ್ಡ ಹತ್ತಿಸುವ ಹುಚ್ಚು, ಮೊಸಳೆ ಬೆನ್ನಿನಂಥ ಟೈರು ಹಾಕಿಸಿದ್ದ. ಕೆಸರಿಗೆ ಅವು ಹುಲಿ. ಟಾರಿನ ಮೇಲೆ ಮಾತ್ರ ಹಿಟ್ಟಿನ ಗಿರಣಿ! ಈಗ ಅವೂ ಸವೆದಿದ್ದವು. ನಾಲೆಗೆ ನೀರು ಬರುವುದರೊಳಗೆ ಕೆಸರಿಗೂ ಆಗುವ, ರಸ್ತೆಗೂ ಆಗುವ ಟೈರು ಬರಬೇಕು, ಇಲ್ಲವಾದರೆ ಮಾವನ ಹಾಸನ ಬಂದ್. ಹಾಸನದಲ್ಲಿ ಹೈಸ್ಕೂಲು ಟೀಚರಾದ ನನಗೆ ಬೇಸಿಗೆ ರಜೆ ಇದ್ದದ್ದೇ ತಪ್ಪಾಯಿತು. “ನೀನು ಓದ್ದೋಳು, ಬಾರೇ” ಎಂದರು. ಟೈರಿನ ವಿಷಯದಲ್ಲಿ ನನ್ನ ಓದು ಇಷ್ಟೇ: ಗುಂಡಗಿರುತ್ತದೆ, ಕಪ್ಪಗಿರುತ್ತದೆ.

ಮೊದಲ ದಂಡಯಾತ್ರೆ ಚನ್ನರಾಯಪಟ್ಟಣಕ್ಕೆ. ಅಂಗಡಿಯವನು ಮೂರು ಜಾತಿ ತೋರಿಸಿದ: ಕೆಸರಿನದು, ರಸ್ತೆಯದು, ಎರಡಕ್ಕೂ ಆಗುವಂಥದು. ಅತ್ತೆ ಅವುಗಳ ಗೀರು ನೋಡಲಿಲ್ಲ, ಕಂಪನಿ ಕೇಳಲಿಲ್ಲ. ಬೆರಳ ಗೆಣ್ಣಿನಿಂದ ಟಕ್ ಟಕ್ ಬಡಿದು ಕಿವಿಯಿಟ್ಟು ಕೇಳತೊಡಗಿದರು! ಬಡಿದ ಸದ್ದಿನಲ್ಲೇ ಕಾಯಿ ಎಳೆಯದೋ ಬಲಿತದ್ದೋ ಹೇಳುವ ಕೈ ಅದು, ಟೈರು ಸಿಕ್ಕರೂ ಬಿಡುತ್ತದೆಯೇ?

“ಅವ್ವಾ, ಅದು ಟೈರು ಕಣವ್ವ, ಕಾಯಲ್ಲ!”

“ಗೊತ್ತು ಕಣಪ್ಪ. ಕಾಯಾಗಿದ್ರೆ ಒಳ್ಗೆ ನೀರಾದ್ರೂ ಇರ್ತಿತ್ತು. ಇದ್ರೊಳ್ಗಿರಾದು ಬರೀ ನಿನ್ ಮಾತು.”

ಅವನು ಸೋಲಲಿಲ್ಲ. ಮೂರನೆಯದನ್ನು ಮುಂದಕ್ಕೆ ಉರುಳಿಸಿ, “ಇದು ಎಲ್ಡಕ್ಕೂ ಆಯ್ತದೆ” ಎಂದ.

“ಎಲ್ಡಕ್ಕೂ ಆಯ್ತೀನಿ ಅನ್ನೋನ್ನ ನಾನು ಅಡ್ಗೇಗೂ ಕರ್ಯಕಿಲ್ಲ, ಪೂಜೇಗೂ ಕರ್ಯಕಿಲ್ಲ. ರಸ್ತೇಲಿ ಸದ್ದು ಬತ್ತದಾ?”

“ವಸಿ ಬತ್ತದೆ.”

“ವಸಿ ಅಂದ್ರೆ ಎಂಗೆ? ಮಾಡಿ ತೋರ್ಸು.”

ಪಾಪ, ನಾಲ್ಕು ಜನ ಗಿರಾಕಿಗಳ ಎದುರಿಗೆ ಆ ಮನುಷ್ಯ ಬಾಯಲ್ಲಿ ‘ಗುಂಯ್’ ಎಂದು ಟೈರಿನ ಸದ್ದು ಮಾಡಿ ತೋರಿಸಿದ! ಅತ್ತೆ ಕಣ್ಣು ಮುಚ್ಚಿ ಪೂರ್ತಿ ಕೇಳಿ, “ನಿನ್ ಗಂಟ್ಲು ಸರಿಯಿಲ್ಲ” ಎಂದು ಎದ್ದು ಬಂದರು.

ಆಮೇಲೆ ಅವರಿಗೇ ಒಂದು ಉಪಾಯ ಹೊಳೆಯಿತು. ಬಿರುಸಿನ ಎತ್ತು ಒಂದು, ಸಾಧು ಎತ್ತು ಒಂದು ಜೊತೆಗೆ ಕಟ್ಟಿದರೆ ಗಾಡಿ ಹದವಾಗಿ ಹೋಗುತ್ತದೆ ಎಂಬುದು ಅವರ ತವರಿನ, ಅಂದರೆ ನಮ್ಮ ಮನೆಯ, ಹಳೆಯ ನಂಬಿಕೆ. ಅದನ್ನೇ ಜೀಪಿಗೂ ಹೂಡಿದರು. ಹಿಂದಕ್ಕೆ ಹಳೆಯ ಮೊಸಳೆ, ಮುಂದಕ್ಕೆ ನುಣ್ಣನೆಯ ರಸ್ತೆ ಟೈರು! ಮೆಕ್ಯಾನಿಕ್ಕು ಬೇಡವೆಂದು ಕೈ ಮುಗಿದ. ಕೇಳುವವರು ಯಾರು? ಪರೀಕ್ಷೆಗೆಂದು ಓಣಿಗೆ ಕೊಳವೆಬಾವಿಯ ನೀರು ಹಾಯಿಸಿ ಜೀಪು ಇಳಿಸಿದರು. ಹಿಂದಿನವು ನುಗ್ಗು ಎಂದವು, ಮುಂದಿನವು ಒಲ್ಲೆ ಎಂದವು. ಜೀಪು ಓಣಿ ಬಿಟ್ಟು ಪಕ್ಕದ ತೋಟದ ಬದುವಿಗೆ ಮೂತಿ ಇಟ್ಟು ನಿಂತಿತು. ಆ ತೋಟದ ಯಜಮಾನ ಟ್ರ್ಯಾಕ್ಟರು ತಂದು ಎಳೆಯುತ್ತ, “ಅಕ್ಕಾ, ನನ್ ತ್ವಾಟಕ್ ಬರಾಕೆ ಗೇಟೈತೆ ಕಣಕ್ಕ” ಎಂದ. ಅತ್ತೆ ಕೆಸರು ಒರೆಸಿಕೊಂಡು, “ಗೊತ್ತು ಬುಡ್ಲಾ, ಎತ್ತಿಗಿರೋ ಬುದ್ಧಿ ಟೈರಿಗಿಲ್ಲ” ಎಂದು ತಪ್ಪನ್ನು ಪೂರ್ತಿಯಾಗಿ ಟೈರಿನ ಮೇಲೆ ಹಾಕಿದರು.

ಇನ್ನು ಉಳಿದದ್ದು ಮಾದರಿ ನೋಡುವ ದಾರಿ. ಕಾಯಿ ವ್ಯಾಪಾರದಲ್ಲಿ ಗುಡ್ಡೆಯಿಂದ ಒಂದೆರಡು ಕಾಯಿ ಒಡೆದು ನೋಡದೆ ಮಾತು ಮುಗಿಸುವುದಿಲ್ಲ. ಟೈರನ್ನು ಒಡೆದು ನೋಡುವುದು ಹೇಗೆ? ಅತ್ತೆ ಕಂಡವರ ಜೀಪು ಹತ್ತಲು ಶುರು ಮಾಡಿದರು! ಹೊಳೆನರಸೀಪುರದಲ್ಲಿ ಬೇಕರಿ ಮುಂದೆ ಒಬ್ಬ ಕಂಟ್ರಾಕ್ಟರು ಹೊಸ ಕೆಸರು ಟೈರಿನ ಜೀಪಿಗೆ ಒರಗಿ ಬನ್ನು ತಿನ್ನುತ್ತಿದ್ದ.

“ಏನಪ್ಪ, ಟೈರು ಎಂಗವೆ?”

“ಸೂಪರ್ ಕಣಮ್ಮ.”

“ಅಂಗಾರೆ ನಡಿ, ಒಂದ್ ಸುತ್ತು ಓಗ್ಬುಟ್ಟು ಬರಾನ.”

ಅವನು ಬಾಯಲ್ಲಿದ್ದ ಬನ್ನು ನುಂಗುವಷ್ಟರಲ್ಲಿ ಅತ್ತೆ ಮುಂದಿನ ಸೀಟಿನಲ್ಲಿದ್ದರು, ನಾನು ಹಿಂದಿನ ಸೀಟಿನಲ್ಲಿದ್ದೆ. ಹೇಮಾವತಿ ಸೇತುವೆ ಹತ್ತುತ್ತಿದ್ದಂತೆ ನನಗೆ ಅಪ್ಪಣೆಯಾಯಿತು: “ಏನಾರ ಏಳೇ. ಗುಟ್ಟು ಏಳೋ ಅಂಗೆ ಮೆತ್ತಗೆ ಏಳು.” ಏನೆಂದು ಹೇಳುವುದು? ಬಾಯಿಗೆ ಬಂದದ್ದು ಹದಿನೇಳರ ಮಗ್ಗಿ. ಪಿಸುಗುಟ್ಟತೊಡಗಿದೆ. ಕಂಟ್ರಾಕ್ಟರು ಕನ್ನಡಿಯಲ್ಲಿ ನನ್ನ ತುಟಿ ನೋಡಿ ಬೆವೆತ. “ಅಮ್ಮಾ, ಮಾಟ ಗೀಟ ಏನೂ ಅಲ್ವಲ್ಲ?” ಅತ್ತೆ ನಿಟ್ಟುಸಿರು ಬಿಟ್ಟು, “ಒಂದಕ್ಷರ ಕೇಳಿಸ್ನಿಲ್ಲ. ತಿರುಗ್ಸಪ್ಪ” ಎಂದರು. ಅಷ್ಟು ಚುರುಕಾಗಿ ಗಾಡಿ ತಿರುಗಿಸಿದವರನ್ನು ನಾನು ಎಲ್ಲೂ ನೋಡಿಲ್ಲ.

ಕೊನೆಗೆ ಅರಕಲಗೂಡಿನಲ್ಲಿ ಒಬ್ಬ ಹೊಗೆಸೊಪ್ಪಿನ ಬೆಳೆಗಾರರು ಸಿಕ್ಕರು. ಹೊಲದ ದಾರಿಗೂ, ರಾಮನಾಥಪುರದ ಹರಾಜಿಗೂ ಒಂದೇ ಜೀಪಿನಲ್ಲಿ ಓಡಾಡುವವರು. ಅವರ ಟೈರು ಎರಡಕ್ಕೂ ಆಗುವ ಜಾತಿಯದು. ಆಗಷ್ಟೇ ನೀರು ಕಟ್ಟಿದ್ದ ಹೊಲದ ಅಂಚಿನಲ್ಲಿ ಇಳಿಸಿದರು, ಜೀಪು ಹಿಂದುಮುಂದು ನೋಡದೆ ಎದ್ದು ಬಂತು. ಆಮೇಲೆ ರಾಮನಾಥಪುರದ ರಸ್ತೆ. ನನ್ನ ಮಗ್ಗಿ ಶುರು. ಅರ್ಧ ದಾರಿಯಲ್ಲಿ ಅತ್ತೆ ಗಕ್ಕನೆ ಹಿಂದಕ್ಕೆ ತಿರುಗಿದರು.

“ಹದಿನೇಳ್ ಏಳ್ಲಿ ನೂರಾ ಒಂಬತ್ತೇನೇ? ನೂರಾ ಹತ್ತೊಂಬತ್ತಲ್ವಾ? ನಿನ್ನ ಟೀಚರ್ ಮಾಡ್ದೋರ್ ಯಾರೇ?”

ಟೈರು ಪಾಸಾಯಿತು, ನಾನು ಫೇಲಾದೆ! ಚನ್ನರಾಯಪಟ್ಟಣದವನು ಮೊದಲ ದಿನವೇ ಉರುಳಿಸಿ ತೋರಿಸಿದ್ದು ಇದೇ ಟೈರನ್ನು ಎಂದು ಹೇಳುವ ಧೈರ್ಯ ನನಗೆ ಬರಲಿಲ್ಲ.

ರಾಮನಾಥಪುರದಲ್ಲಿ ಕಾವೇರಿಯ ಮೆಟ್ಟಿಲ ಮೇಲೆ ಕಾಲು ಇಳಿಬಿಟ್ಟು ಕೂತಾಗ ನನ್ನ ತಾಳ್ಮೆ ಮುಗಿದಿತ್ತು. “ಅಲ್ಲ ಅತ್ತೆ, ಕೆಸರಿನಲ್ಲಿ ಸಿಕ್ಕಿಕೊಳ್ಳದಿದ್ದರೆ ಸಾಕಲ್ಲ? ಸದ್ದು ಬಂದರೆ ಬರಲಿ, ಯಾರಿಗೇನು ನಷ್ಟ?” ಎಂದು ರೇಗಿದೆ.

ಅತ್ತೆ ಒಂದು ಬೊಗಸೆ ನೀರು ತೆಗೆದು ಮುಖಕ್ಕೆ ಹಾಕಿಕೊಂಡರು. “ನಿಮ್ ಮಾವುಂಗೆ ಮಾತು ಬತ್ತಾ ಐತೆ ಕಣೇ. ಸಣ್ಣಗೆ ಬತ್ತದೆ. ಮನೇಗ್ ಬಂದೋರೆಲ್ಲಾ ಅವರ ಬಾಯ್ನೇ ನೋಡ್ತಾರೆ, ಏನಂದ್ರಿ ಏನಂದ್ರಿ ಅಂತಾರೆ. ನಾಚ್ಕಂಡು ಸುಮ್ಕಾಗ್ಬುಡ್ತಾರೆ. ಜೀಪಲ್ಲಿ ಇಬ್ರೂ ರಸ್ತೆ ನೋಡ್ಕಂಡಿರ್ತೀವಲ್ಲ, ಆಗ ಏನೋ ಏಳಾಕೆ ಬತ್ತಾರೆ. ಈ ಆಳಾದ್ ಟೈರು ಗೊರ್ ಅಂತದೆ. ಇನ್ನೊಂದ್ ಸಲಿ ಏಳಿ ಅಂದ್ರೆ ಏಳಕಿಲ್ಲ.” ಸೆರಗಿನಿಂದ ಮೂಗು ಒರೆಸಿಕೊಂಡರು. “ಏನೇನ್ ಏಳಿದ್ರೋ, ನಂಗೆ ಕೇಳಿಸ್ನೇ ಇಲ್ಲ.”

ಬೇಸಿಗೆ ಪೂರ್ತಿ ನಾನು ಈ ಹೆಂಗಸನ್ನು ಹುಚ್ಚಿ ಎಂದುಕೊಂಡೇ ತಿರುಗಿದ್ದೆನಲ್ಲ!

ಹಾಸನದಲ್ಲಿ ಹೊಸ ಟೈರು ಹಾಕಿಸಿದ ಬೆನ್ನಿಗೇ ನಾಲೆಗೆ ನೀರು ಬಿಟ್ಟರು. ಮುಂದಿನ ವಾರ ಅವರ ಜೊತೆ ನಾನೂ ಹೊರಟೆ. ಓಣಿಯ ಕೆಸರು ಪಚಕ್ ಎಂದಿತು, ಜೀಪು ಅಲ್ಲಾಡಿತು, ದಾಟಿತು. ಟಾರು ಹತ್ತಿದ ಮೇಲೆ ಅತ್ತೆ ಒಂದೂ ಮಾತಾಡಲಿಲ್ಲ. ಅತ್ತೆ ಸುಮ್ಮನಿದ್ದದ್ದನ್ನು ನಾನು ಕಂಡದ್ದೇ ಅವತ್ತು! ಮಾವ ಪಕ್ಕದ ಸೀಟಿನಲ್ಲಿ ನೆಟ್ಟಗೆ ಮುಂದೆ ನೋಡುತ್ತ ಕೂತಿದ್ದರು. ಚನ್ನರಾಯಪಟ್ಟಣ ಹತ್ತಿರವಾಗುವಾಗ ಅವರ ತುಟಿ ಅಲುಗಿತು. ಹಿಂದೆ ಕೂತ ನನಗೆ ಏನೂ ಕೇಳಿಸಲಿಲ್ಲ.

“ಊಂ, ಆಯ್ತು ಕಣಿ” ಎಂದರು ಅತ್ತೆ, ರಸ್ತೆಯಿಂದ ಕಣ್ಣು ತೆಗೆಯದೆ.

“ಏನಂದರು ಅತ್ತೆ?”

“ತಿಂಡಿ ತಿಂದ್ಯಾ ಅಂತ ಕೇಳಿದ್ರು ಕಣೇ.”

ತಿಂಡಿ ಎಲ್ಲಿಂದ ಬರಬೇಕು? ಬೆಳಗಿನಿಂದ ಮಾವನಿಗೆ ಸ್ನಾನ ಮಾಡಿಸಿ, ಗಂಜಿ ಕುಡಿಸಿ, ಮಾತ್ರೆ ಕೊಟ್ಟು ಹೊರಡಿಸುವುದರಲ್ಲಿ ಅತ್ತೆ ಒಂದು ಲೋಟ ನೀರನ್ನೂ ಬಾಯಿಗೆ ಹಾಕಿರಲಿಲ್ಲ. ಮಾವ ನಿಧಾನವಾಗಿ ಅವರ ಕಡೆಗೆ ಕತ್ತು ತಿರುಗಿಸಿದರು. ತುಟಿ ಮತ್ತೆ ಕೂಡಿತು, ಬಿಟ್ಟಿತು. ಈ ಸಲ ನನಗೂ ಕೇಳಿಸಿತು.

“ಸುಳ್ಳು.”

ಅತ್ತೆ ಜೀಪನ್ನು ರಸ್ತೆಯ ಅಂಚಿಗೆ ತೆಗೆದು ನಿಲ್ಲಿಸಿದರು. ಸ್ಟೇರಿಂಗಿನ ಮೇಲೆ ತಲೆಯಿಟ್ಟು ನಗತೊಡಗಿದರು, ಎಷ್ಟು ಹೊತ್ತಾದರೂ ತಲೆ ಎತ್ತಲಿಲ್ಲ. ಎದುರಿಗೇ ಒಂದು ಹೋಟೆಲು ಇತ್ತು. ನಾನು ಇಳಿದು ಹೋಗಿ ಮೂವರಿಗೂ ಇಡ್ಲಿ ಹೇಳಿದೆ.