ಬದನೆಕಾಯಿಗೆ ಹುಳದ ಜಾಮೀನು

ತರಕಾರಿ ಕೊಳ್ಳುವಾಗ ನಾವು ತರಕಾರಿಯನ್ನು ನೋಡುತ್ತೇವೆ ಎಂದು ನೀವು ನಂಬಿಕೊಂಡಿದ್ದರೆ ಆ ನಂಬಿಕೆಯನ್ನು ಈಗಲೇ ಬಿಟ್ಟುಬಿಡಿ. ನಾವು ನೋಡುವುದು ಪಕ್ಕದವರ ಚೀಲವನ್ನು. ಒಂದೇ ಮೂಟೆಯ ಟೊಮೆಟೊವನ್ನು ಇಬ್ಬರು ಅಕ್ಕಪಕ್ಕ ಕುಳಿತು ಮಾರಲಿ, ಯಾರ ಮುಂದೆ ಮೊದಲು ಇಬ್ಬರು ಬಗ್ಗಿ ನಿಂತರೋ ಅವರ ಹತ್ತಿರವೇ ಮಿಕ್ಕವರೆಲ್ಲ ಹೋಗಿ ಬಗ್ಗುತ್ತಾರೆ. ಇನ್ನೊಬ್ಬಳು ನೊಣ ಓಡಿಸುತ್ತ ಕೂತಿರುತ್ತಾಳೆ. ಬೆಂಡೆಕಾಯಿಯ ವಿಷಯವಂತೂ ಕೇಳಲೇಬೇಡಿ. ತುದಿಯನ್ನು ಟಕ್ಕೆಂದು ಮುರಿದು, ಎಳೆಯದಿದೆ ಎಂದು ಖಾತ್ರಿ ಮಾಡಿಕೊಂಡು, ಆ ಮುರಿದದ್ದನ್ನು ವಾಪಸ್ ಗುಡ್ಡೆಗೆ ಎಸೆದು, ಮುರಿಯದ ಬೇರೆ ಕಾಯಿಗಳನ್ನು ಆರಿಸಿಕೊಳ್ಳುತ್ತೇವೆ. ಸಂಡೂರಿನಲ್ಲಿರುವ ನನ್ನ ತಂಗಿಗೆ ಇನ್ನೊಂದು ರೋಗ. ಅವರ ಕಡೆ ಲಾರಿಗಳ ಕೆಂಪು ಧೂಳಿನಲ್ಲಿ ಸೌತೆಕಾಯಿಯೂ ಗಜ್ಜರಿಯಂತೆ ಕಾಣುವುದರಿಂದ ಅವಳು ಯಾವ ಊರಿಗೆ ಹೋದರೂ ಕಾಯಿಯನ್ನು ಮೊದಲು ಸೆರಗಿನಿಂದ ಒರೆಸಿ, ಆಮೇಲೆ ರೇಟು ಕೇಳುತ್ತಾಳೆ. ಒರೆಸಿಕೊಟ್ಟದ್ದಕ್ಕೆ ವ್ಯಾಪಾರಿ ಖುಷಿಯಿಂದ ಸ್ವಲ್ಪ ಜಾಸ್ತಿಯೇ ಹೇಳುತ್ತಾನೆ.

ಇಷ್ಟೆಲ್ಲ ಬಲ್ಲ ನಾನು ಸುಮ್ಮನಿರಬೇಕಿತ್ತು. ಆದರೆ ಸುಮ್ಮನಿರುವುದಕ್ಕೆ ಫೇಸ್‌ಬುಕ್ಕಿನಲ್ಲಿ ಲೈಕು ಬರುವುದಿಲ್ಲ. ನನ್ನ ಗಂಡ ಟಿ.ಬಿ. ಡ್ಯಾಮಿನ ಕಾಲುವೆ ಆಫೀಸಿನಲ್ಲಿದ್ದಾರೆ, ನಾವಿರುವುದು ಅಲ್ಲೇ ಕ್ವಾರ್ಟರ್ಸಿನಲ್ಲಿ. ಮಧ್ಯಾಹ್ನ ಊಟವಾಗಿ ಪಾತ್ರೆ ಬೋರಲು ಹಾಕಿದ ಮೇಲೆ ನನಗೆ ಲೋಕಕ್ಕೆ ಬುದ್ಧಿ ಹೇಳುವ ಹೊತ್ತು. ಅಂಥದ್ದೊಂದು ಮಧ್ಯಾಹ್ನ, ಬದನೆಕಾಯಿ ಹೆಚ್ಚುವಾಗ ಹುಳ ಸಿಕ್ಕ ಸಿಟ್ಟಿನಲ್ಲೇ ಕೂತು ಬರೆದೆ. ಹುಳವೇ ನಮ್ಮ ಮೊದಲ ಆಹಾರ ಇನ್‌ಸ್ಪೆಕ್ಟರು, ಅದಕ್ಕೆ ಲಂಚ ಕೊಡಲಾಗುವುದಿಲ್ಲ, ಅದು ತಿಂದು ಬದುಕಿದೆ ಎಂದರೆ ನಾವೂ ತಿಂದು ಬದುಕಬಹುದು, ತೂತಿರುವ ಬದನೆಕಾಯಿಯನ್ನು ಬಿಸಾಡಬೇಡಿ, ಅದರಲ್ಲಿ ವಿಷವಿಲ್ಲ ಎಂಬುದಕ್ಕೆ ಆ ತೂತೇ ಸಾಕ್ಷಿ. ಸತ್ಯ ಹೇಳಬೇಕೆಂದರೆ ಹಾಳಾದ ಕಾಯಿಯನ್ನು ತಂದಿದ್ದಕ್ಕೆ ಗಂಡನ ಮುಂದೆ ಮಾನ ಉಳಿಸಿಕೊಳ್ಳಲು ಹೊಳೆದ ತರ್ಕ ಅದು. ಬರೆದ ಮೇಲೆ ನನಗೇ ನಿಜವೆನ್ನಿಸಿತು.

ಆ ಬರಹ ನನ್ನ ಕೈಮೀರಿ ಓಡಿತು. ಕಮಲಾಪುರದ ಬಸ್ಸಿನಲ್ಲಿ ಯಾರೋ ಅಪರಿಚಿತರು ತಮ್ಮ ಫೋನಿನಲ್ಲಿ ಅದನ್ನು ನನಗೇ ಓದಿ ತೋರಿಸಿ, ಎಂಥ ಮಾತು ನೋಡ್ರಿ ಅಂದರು. ಅದಕ್ಕಿಂತ ದೊಡ್ಡ ಪರಿಣಾಮ ಆದದ್ದು ನಮ್ಮ ಸಂಜೆ ಮಾರ್ಕೆಟ್ಟಿನಲ್ಲಿ. ಅಲ್ಲಿ ತರಕಾರಿ ಮಾರುವ ಹುಲಿಗೆಮ್ಮ ಹುಳುಕು ಬದನೆಕಾಯಿಗಳನ್ನು ಮೊದಲೆಲ್ಲ ಎಮ್ಮೆಗೆಂದು ಹಿಂದೆ ಒಂದು ಪುಟ್ಟಿಯಲ್ಲಿ ಒಗೆಯುತ್ತಿದ್ದಳು. ಈಗ ಆ ಪುಟ್ಟಿ ಮುಂದೆ ಬಂದು ಕೂತಿತ್ತು. ಏನಮ್ಮಾ ಇದು ಎಂದರೆ, ಆರ್ಗ್ಯಾನಿಕ್ ಅಂದಳು.

"ಹುಳ ಇದ್ದದ್ದು ಬೇಕೇನ್ರಿ, ಇಲ್ಲದ್ದು ಬೇಕೇನ್ರಿ? ಇದ್ದದ್ದಕ್ಕ ರೇಟು ಜಾಸ್ತಿ. ಅದು ಭಾಳ ಸಿಗಂಗಿಲ್ಲ."

ನಾನು ತಲೆ ಬಗ್ಗಿಸಿ ಈರುಳ್ಳಿ ತೆಗೆದುಕೊಂಡು ಬಂದೆ. ಹುಲಿಗೆಮ್ಮನ ಎಮ್ಮೆ ಏನು ತಿನ್ನುತ್ತಿದೆಯೋ ಎಂಬ ಚಿಂತೆ ಮಾತ್ರ ಕೆಲವು ದಿನ ಕಾಡಿತು.

ಇಲ್ಲಿಗೆ ಮುಗಿದಿದ್ದರೆ ನಾನು ನಕ್ಕು ಮರೆಯುತ್ತಿದ್ದೆ. ಆದರೆ ನನ್ನ ನಾದಿನಿ ಗಿರಿಜಾ ಬದನೆಕಾಯಿ ಬೆಳೆಯುತ್ತಾಳೆ. ಕಂಪ್ಲಿಯ ಹತ್ತಿರ ಅವರದು ಕಾಲುವೆ ನೀರಿನ ಹೊಲ, ಸುತ್ತ ಎಲ್ಲರದೂ ಭತ್ತ. ಅವಳ ಗಂಡ ಬಸವರಾಜನೂ ಭತ್ತ ಬಿಟ್ಟರೆ ಬೇರೆಯದನ್ನು ಬೆಳೆ ಎಂದು ಒಪ್ಪುವವನಲ್ಲ. ಅಂಥವನನ್ನು ಕಾಡಿ ಬೇಡಿ ಗಿರಿಜಾ ಒಂದು ತುಂಡು ನೆಲದಲ್ಲಿ ಬದನೆ ಹಾಕಿದ್ದಳು, ಅದೂ ಔಷಧ ಹೊಡೆಯದೆ. ದಿನಾ ಬೆಳಿಗ್ಗೆ ಸಾಲು ಸಾಲು ತಿರುಗಿ ಬಾಡಿದ ಚಿಗುರನ್ನೆಲ್ಲ ಹುಳದ ಸಮೇತ ಚಿವುಟಿ ಸುಡುವುದು, ಪತಂಗ ಬಂದು ಬೀಳುವಂಥ ಬಲೆಯ ಡಬ್ಬಿ ನೇತುಹಾಕುವುದು, ಬೇವಿನ ಬೀಜ ಕುಟ್ಟಿ ಕಷಾಯ ಮಾಡಿ ಚಿಮುಕಿಸುವುದು. ಅವಳು ತನ್ನ ಮಕ್ಕಳ ತಲೆಯ ಹೇನನ್ನೂ ಅಷ್ಟು ಶ್ರದ್ಧೆಯಿಂದ ತೆಗೆದಿರಲಿಲ್ಲ. ಆದರೆ ಮಂಡಿಗೆ ಹಾಕಿದರೆ ಅವಳ ಕಾಯಿಯೂ ಔಷಧ ಹೊಡೆದವರ ಕಾಯಿಯೂ ಒಂದೇ ರಾಶಿ, ಒಂದೇ ರೇಟು. ಅದಕ್ಕೆ ಬಸವರಾಜ ಕೊನೆಯ ಮಾತು ಹೇಳಿಬಿಟ್ಟಿದ್ದ. ಈ ಸಂಕ್ರಾಂತಿಗೆ ಇದನ್ನು ಇದರ ಬೆಲೆಗೆ ಮಾರಿ ತೋರಿಸು, ಇಲ್ಲವೆಂದರೆ ಗಿಡ ಕಿತ್ತು ನೆಲ್ಲು ನಾಟಿ ಮಾಡೋದೇ.

ಫೋನಿನಲ್ಲಿ ಇದನ್ನು ಹೇಳುವಾಗ ಗಿರಿಜಾಳ ದನಿ ಸಣ್ಣಗಾಗಿತ್ತು. ನಾನು ದೊಡ್ಡಸ್ತಿಕೆಯಿಂದ, ಮಂಡಿಗೆ ಯಾಕೆ ಹಾಕ್ತೀ, ನಮ್ಮ ಕಾಲನಿಗೆ ತಾ, ನಾನಿದ್ದೇನಲ್ಲ ಅಂದೆ. ಸಂಕ್ರಾಂತಿಗೆ ನಮ್ಮ ಕಡೆಯವರೆಲ್ಲ ಬುತ್ತಿ ಕಟ್ಟಿಕೊಂಡು ಹಂಪಿಯ ಹೊಳೆಗೆ ಹೋಗುವವರು. ಮುಳುಗೆದ್ದು ಬಂಡೆಯ ಮೇಲೆ ಬುತ್ತಿ ಬಿಚ್ಚಿದಾಗ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿಯ ಜೊತೆ ಎಣ್ಣೆಗಾಯಿ ಇಲ್ಲದಿದ್ದರೆ ಆ ಮನೆಯವರ ಬಗ್ಗೆ ಪಕ್ಕದ ಬಂಡೆಯವರು ಮಾತಾಡಿಕೊಳ್ಳುತ್ತಾರೆ. ಅಂಥ ಹೊತ್ತಿನಲ್ಲಿ ಬದನೆಕಾಯಿ ಮಾರುವುದೂ ಒಂದು ಕಷ್ಟವೇ?

ಹಬ್ಬದ ಹಿಂದಿನ ದಿನ ಗಿರಿಜಾ ಕಂಪ್ಲಿ ಬಸ್ಸಿನಲ್ಲಿ ಬುಟ್ಟಿ ತಂದಳು. ಎಂಥ ಕಾಯಿಗಳು ಅಂತೀರಿ. ಎಣ್ಣೆಗಾಯಿಗೆಂದೇ ಅಳತೆ ಕೊಟ್ಟು ಮಾಡಿಸಿದ ಹಾಗೆ ಪುಟ್ಟ ಪುಟ್ಟವು, ಮುಳ್ಳಿನ ತೊಟ್ಟು ಹಸಿರಾಗಿ, ಮೈ ನೇರಳೆಯಾಗಿ ಹೊಳೆಯುತ್ತಿದ್ದವು. ಜಗಲಿಯ ಮೇಲೆ ನನ್ನ ಹಳೆಯ ಬೆಡ್‌ಶೀಟು ಹಾಸಿ ರಾಶಿ ಹಾಕಿದೆವು. ಕಾಲನಿಯ ಹೆಂಗಸರೆಲ್ಲ ಬಂದರು. ಮುಂದೆ ನಿಂತವರು ಪದ್ಮಾ ಮೇಡಂ. ನಮ್ಮ ಸಾಲಿನ ಕೊನೆಯ ಮನೆಯವರು, ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ರಿಟೈರಾದವರು. ಅವರು ಒಂದು ಕಾಯಿ ಎತ್ತಿಕೊಂಡು ಬಿಸಿಲಿಗೆ ಹಿಡಿದು ತಿರುಗಿಸಿದರು. ಇನ್ನೊಂದನ್ನೂ ಹಾಗೇ ಮಾಡಿದರು. ಮುಖ ಗಂಭೀರವಾಯಿತು.

"ಒಂದಕ್ಕೂ ತೂತಿಲ್ಲಲ್ರೀ ಸುಮಕ್ಕ. ಹುಳಾನ ಮುಟ್ಟಿಲ್ಲ ಅಂದ್ರ ನಾವು ಹೆಂಗ ಮುಟ್ಟೋದು?"

ಇವು ಔಷಧ ಹೊಡೆಯದೇ ಬೆಳೆದವು, ನನ್ನ ನಾದಿನಿಯೇ ಕೈಯಾರೆ ಬೆಳೆದಿದ್ದಾಳೆ ಎಂದು ನಾನು ಬಾಯಿ ನೋಯುವಷ್ಟು ಹೇಳಿದೆ. ಗಿರಿಜಾ ಪಾಪ, ಚಿಗುರು ಚಿವುಟುವುದರಿಂದ ಹಿಡಿದು ಬಲೆಯ ಡಬ್ಬಿಯವರೆಗೆ ಎಲ್ಲ ವಿವರಿಸಿದಳು. ಹೆಂಗಸರು ತಾಳ್ಮೆಯಿಂದ ಕೇಳಿ, ಎಷ್ಟು ನುಣ್ಣಗೆ ಮಾತಾಡುತ್ತಾಳೆ ನೋಡು ಎನ್ನುವ ಹಾಗೆ ಒಬ್ಬರನ್ನೊಬ್ಬರು ನೋಡಿಕೊಂಡರು. ಪದ್ಮಾ ಮೇಡಂ ಕಾಯಿಯನ್ನು ರಾಶಿಗೆ ಮೆಲ್ಲಗೆ ವಾಪಸ್ ಇಟ್ಟು, ನನ್ನ ಹೆಗಲು ತಟ್ಟಿದರು.

"ನೀವ ಬರ್ದೀರಲ್ರೀ, ಹುಳ ತಿಂದದ್ದ ಛಲೋದು ಅಂತ. ನಾನು ನಮ್ಮ ಅಣ್ಣಗೂ ಕಳಿಸೀನಿ. ಈಗ ನಿಮ್ಮ ಮನಿ ಮಾಲು ಬಂತಂತ ಮಾತು ತಿರುಗಿಸಿದ್ರ ಹೆಂಗ?"

ಎಲ್ಲರೂ ಹೋದರು. ಮಾಲಿನ ಮುಂದೆ ಜನ ಕಡಿಮೆಯಾಗುವುದನ್ನು ನೋಡಿ ಆಚೆ ಸಾಲಿನಿಂದ ಬರುತ್ತಿದ್ದವರು ಅರ್ಧ ದಾರಿಯಲ್ಲೇ ತಿರುಗಿಕೊಂಡರು. ಗಿರಿಜಾ ಜಗಲಿಯ ಕಂಬಕ್ಕೆ ಒರಗಿ ಕೂತಳು. ಅವಳು ಬೈದಿದ್ದರೆ ಚೆನ್ನಾಗಿತ್ತು. ನನ್ನ ಫೋನು ಇಸಿದುಕೊಂಡು ಆ ಬರಹವನ್ನು ಪೂರ್ತಿ ಓದಿದಳು.

"ಚಂದ ಬರ್ದೀರಿ ಅತ್ತಿಗಿ. ಆದ್ರ ಹುಳ ಕಾಯಿ ಒಳಗ ಕುಂತಿರ್ತತಿ. ಮ್ಯಾಲ ಎಷ್ಟು ಔಷಧ ಹೊಡದ್ರೂ ಅದಕ್ಕೇನು ಆಗಂಗಿಲ್ಲ. ಆಗೋದೆಲ್ಲ ತಿನ್ನೋರಿಗೆ."

ಅಂದರೆ ನಾನು ಕೊಂಡಾಡಿದ ಇನ್‌ಸ್ಪೆಕ್ಟರು ಒಳಗೆ ಬಾಗಿಲು ಹಾಕಿಕೊಂಡು ಕೂತಿದ್ದ, ಹೊರಗಿನ ಸಿಪ್ಪೆಗೆ ಏನು ಬಳಿದಿದ್ದಾರೆ ಎಂದು ಅವನಿಗೇ ಗೊತ್ತಿರಲಿಲ್ಲ. ಅಲ್ಲೇ ಕೂತು ತಿದ್ದುಪಡಿ ಬರೆದೆ. ತೂತಿದ್ದರೆ ವಿಷವಿಲ್ಲ ಎನ್ನಲಾಗದು, ತೂತಿಲ್ಲದಿದ್ದರೆ ವಿಷವಿದೆ ಎನ್ನಲೂ ಆಗದು, ಬೆಳೆದವರನ್ನು ಕೇಳಿ ಕೊಳ್ಳಿ. ಹಾಕಿದ ಕೂಡಲೇ ಮೊದಲ ಕಾಮೆಂಟು ಬಂತು: ಔಷಧ ಕಂಪನಿಯವರು ನಿಮಗೆ ಎಷ್ಟು ಕೊಟ್ಟರು ಮೇಡಂ? ಅದರ ಕೆಳಗೆ ನಗುವ ಮುಖಗಳ ಸಾಲು. ಅದರಲ್ಲೊಂದು ನನ್ನ ಸ್ವಂತ ತಂಗಿಯದು.

ವಾಪಸ್ ಬಸ್ಸಿಗೆ ಹೊತ್ತಾಯಿತೆಂದು ಗಿರಿಜಾ ಕಾಯಿಗಳನ್ನು ಬುಟ್ಟಿಗೆ ತುಂಬಲು ಎದ್ದಳು. ಬುಟ್ಟಿಯ ತಳದಲ್ಲಿ ಹಾಸಿದ್ದ ಗೋಣಿ ಕೊಡವಿದಾಗ ಒಂದು ಕಾಯಿ ಉರುಳಿ ಬಂತು. ಪಕ್ಕೆಯಲ್ಲಿ ಕರಿ ತೂತು, ಸುತ್ತ ಕಂದು ಕಲೆ. ಅಷ್ಟೊಂದು ಮುತುವರ್ಜಿಯಿಂದ ಆರಿಸಿ ತಂದವಳಿಗೆ ಅವಮಾನವಾಗಿ, ಥಟ್ಟನೆ ಅದನ್ನು ಸೆರಗಿನಡಿ ಮುಚ್ಚಿದಳು. ಅದೇ ಹೊತ್ತಿಗೆ ಪದ್ಮಾ ಮೇಡಂ ಮರೆತುಹೋಗಿದ್ದ ತಮ್ಮ ಛತ್ರಿಗೆ ಬಂದವರು, ಏನು ಮುಚ್ಚಿಟ್ಟದ್ದು ಎಂದು ಕೇಳಿಯೇಬಿಟ್ಟರು. ಗಿರಿಜಾ ಕಳ್ಳಿಯ ಹಾಗೆ ತೆಗೆದು ತೋರಿಸಿದಳು.

ಮೇಡಂ ಮುಖ ಅರಳಿದ್ದನ್ನು ನಾನು ಬದುಕಿರುವ ತನಕ ಮರೆಯುವುದಿಲ್ಲ. ಅವರು ಸರ್ವಿಸಿನಲ್ಲಿದ್ದಾಗ ಶಾಲೆಗೆ ನೂರಕ್ಕೆ ನೂರು ರಿಸಲ್ಟು ಬಂದಾಗಲೂ ಹಾಗೆ ನಕ್ಕಿರಲಿಕ್ಕಿಲ್ಲ. ಇದನ್ನು ಮೊದಲೇ ತೋರಿಸಬಾರದಿತ್ತೇನ್ರಿ ಎಂದು ಗೊಣಗುತ್ತ ಆ ಹುಳುಕು ಕಾಯಿಯನ್ನು ರಾಶಿಯ ನೆತ್ತಿಯ ಮೇಲೆ, ಎಲ್ಲರಿಗೂ ಕಾಣುವ ಹಾಗೆ ತಾವೇ ಇಟ್ಟರು. ಗೇಟಿನಲ್ಲಿ ನಿಂತು ಎದುರು ಮನೆಯವರನ್ನು ಕೂಗಿದರು. ಎದುರು ಮನೆಯವರು ಪಕ್ಕದವರನ್ನು ಕರೆದರು. ಪ್ರತಿಯೊಬ್ಬರೂ ಬಂದು ಮೊದಲು ಆ ತೂತನ್ನು ನೋಡಿದರು, ಸಮಾಧಾನದಿಂದ ತಲೆಯಾಡಿಸಿದರು, ಆಮೇಲೆ ಬಗ್ಗಿ ತೂತಿಲ್ಲದವನ್ನು ಒಂದೊಂದೇ ಆರಿಸಿ ಚೀಲಕ್ಕೆ ಹಾಕಿಕೊಂಡರು. ರಾಶಿ ಕರಗಿತು. ಗಿರಿಜಾ ಹೇಳಿದ ಬೆಲೆಗೆ ಯಾರೂ ಚೌಕಾಸಿಯನ್ನೂ ಮಾಡಲಿಲ್ಲ. ಬೆಡ್‌ಶೀಟಿನ ನಡುವೆ ಉಳಿದದ್ದು ಆ ಹುಳುಕು ಕಾಯಿ ಒಂದೇ. ಅದನ್ನು ಒಯ್ಯಿರಿ ಮೇಡಂ ಎಂದರೆ, ಪದ್ಮಾ ಮೇಡಂ ಮಗುವಿಗೆ ಹೇಳುವ ಹಾಗೆ, ಅದರಾಗ ಹುಳ ಐತಲ್ರೀ ಅಂದರು.

ವಾರವಾರ ತರಬೇಕೆಂದು ಎಲ್ಲರೂ ಹೇಳಿಹೋದರು. ಬಸವರಾಜ ಗಿಡ ಕೀಳುವ ಮಾತು ಸದ್ಯಕ್ಕೆ ಬಿಟ್ಟ. ಆದರೆ ಮುಂದಿನ ವಾರ ಬಸ್ಸು ಹತ್ತುವ ಹಿಂದಿನ ದಿನ ಗಿರಿಜಾಳ ಫೋನು ಬಂತು. ದನಿಯಲ್ಲಿ ಅಳು ಬರುವ ಹಾಗಿತ್ತು. ಬೆಳಗಿನಿಂದ ಸಾಲು ಸಾಲು ಹುಡುಕಿದರೂ ಒಂದು ಹುಳುಕು ಕಾಯಿ ಸಿಕ್ಕಿಲ್ಲವಂತೆ. ಅವಳೇ ದಿನಾ ಚಿವುಟಿ ಚಿವುಟಿ ಹುಳದ ವಂಶವನ್ನೇ ತೆಗೆದಿದ್ದಳು. ಬರೀ ಒಳ್ಳೆಯ ಕಾಯಿ ಹೊತ್ತುಕೊಂಡು ಯಾವ ಮುಖದಿಂದ ಬರಲಿ ಎಂದು ಕೇಳಿದಳು. ಒಂದು ವಾರ ಮಾರದೆ ಬುಟ್ಟಿ ವಾಪಸ್ ಹೋದರೆ ಬಸವರಾಜನಿಗೆ ಅಷ್ಟೇ ಸಾಕು. ಭತ್ತದ ನಾಟಿಗೆಂದು ಕಾಲುವೆಗೆ ನೀರು ಬಿಟ್ಟು ಆಗಿತ್ತು.

ಹಾಗಾಗಿ ನಾನು ಸಂಜೆ ಮಾರ್ಕೆಟ್ಟಿಗೆ ಹೋದೆ. ಹುಲಿಗೆಮ್ಮನ ಮುಂದಿನ ಪುಟ್ಟಿಯಿಂದ ತೂತು ಚೆನ್ನಾಗಿ ಕಾಣುವ, ಆದರೆ ಕೊಳೆತು ನಾರದ, ಒಂದು ಬದನೆಕಾಯಿ ಆರಿಸಿದೆ. ಒಂದೇ ಸಾಕು ಅಂದೆ. ಒಂದು ಕಾಯಿಗೆ ತಕ್ಕಡಿ ಎತ್ತುವುದಿಲ್ಲವೆಂದು ಹುಲಿಗೆಮ್ಮ ಮೊದಲು ಹಟ ಹಿಡಿದಳು. ಆಮೇಲೆ ನನ್ನ ಮುಖ ನೋಡಿ ಗುರುತು ಹಿಡಿದವಳು, ಸುತ್ತ ನಿಂತವರಿಗೆಲ್ಲ ಕೇಳುವ ಹಾಗೆ, ಹುಳದ ಬದನೆಕಾಯಿ ಬಗ್ಗೆ ಬರೆದ ಅಕ್ಕಾರು ಇವರೇ, ಬೇರೆ ಕಡೆ ಹೋಗುವುದಿಲ್ಲ, ನನ್ನ ಹತ್ತಿರವೇ ಬಂದು ಹುಳುಕು ಆರಿಸಿ ಒಯ್ಯುತ್ತಾರೆ ಅಂದಳು. ಯಾರೋ ಫೋಟೋ ತೆಗೆದರು. ನಾನು ತೂತು ಕ್ಯಾಮೆರಾದ ಕಡೆ ಬರುವಂತೆ ಕಾಯಿ ಹಿಡಿದು ನಕ್ಕೆ. ಬೇರೆ ಏನು ಮಾಡಬಹುದಿತ್ತು ಹೇಳಿ. ನಿಜ ಹೇಳಲು ಹೊರಟರೆ ಕಿತ್ತುಹೋಗುವುದು ಗಿರಿಜಾಳ ಗಿಡಗಳು.

ಮರುದಿನ ಜಗಲಿಯಲ್ಲಿ ಬುಟ್ಟಿಯ ಮೇಲೆ ಅದನ್ನಿಟ್ಟಾಗ, ಇದು ಮೋಸವಲ್ಲವೇನೇ ಎಂದು ನಾನೇ ಗಿರಿಜಾಳನ್ನು ಕೇಳಿದೆ. ಅವಳು ಕಾಯಿಯ ತೂತನ್ನು ರಸ್ತೆಯ ಕಡೆ ತಿರುಗಿಸಿದಳು.

"ನಮ್ಮ ಹೊಲದ್ದು ಅಂತ ನಾ ಎಲ್ಲಿ ಅಂದೀನಿ? ಅದು ಸುಮ್ಮನ ಕುಂತತಿ. ಕೇಳಿದ್ರ ಹೇಳ್ತೀನಿ."

ಯಾರೂ ಕೇಳಲಿಲ್ಲ. ಬುಟ್ಟಿ ಖಾಲಿಯಾಯಿತು. ಮಾರ್ಕೆಟ್ಟಿನ ಆ ಫೋಟೋವನ್ನು ಯಾರೋ ಹಾಕಿದ್ದರು, ನನ್ನ ಯಾವ ಬರಹಕ್ಕೂ ಬಾರದಷ್ಟು ಲೈಕು ಅದಕ್ಕೆ ಬಿದ್ದಿತ್ತು. ಕೆಳಗೆ ಒಬ್ಬರು, ಔಷಧ ಕಂಪನಿಗೆ ಮಾರಿಕೊಳ್ಳದ ಹೆಣ್ಣುಮಗಳು ಎಂದು ನನ್ನನ್ನು ಹೊಗಳಿದ್ದರು. ನಾನು ಅವರಿಗೆ ಕೈಮುಗಿದ ಚಿತ್ರ ಕಳಿಸಿದೆ. ಅಷ್ಟರಲ್ಲಿ ಕಂಪ್ಲಿ ಮುಟ್ಟಿದ್ದ ಗಿರಿಜಾಳ ಮೆಸೇಜು ಬಂತು.

"ಅತ್ತಿಗಿ, ನಮ್ಮೋರು ಪಕ್ಕದ ತುಂಡಿಗೂ ಬದನಿನ ಹಚ್ಚು ಅಂದ್ರು. ಇನ್ನು ಬುಟ್ಟಿ ಎರಡಾಗತಾವು. ಹುಳುಕೂ ಎರಡು ತಂದಿಡ್ರಿ."

ಮರುದಿನವೇ ಹೋಗಿ ಹುಲಿಗೆಮ್ಮನಿಗೆ ವಾರದ ಗಿರಾಕಿಯೆಂದು ಹೇಳಿಟ್ಟು ಬಂದೆ. ಕಾಯಂ ಒಯ್ಯುವವಳು, ಸ್ವಲ್ಪ ರೇಟು ಕಡಿಮೆ ಮಾಡು ಎಂದೆ. ಸಾಧ್ಯವೇ ಇಲ್ಲ ಅಂದಳು, ನನ್ನ ಮುಖ ನೋಡಿ ನಗುತ್ತಲೇ. ಹುಳ ತಿಂದದ್ದಕ್ಕೆ ಊರಿನಲ್ಲಿ ಈಗ ಭಾರಿ ಡಿಮ್ಯಾಂಡಂತೆ, ಯಾರೋ ಏನೋ ಬರೆದುಬಿಟ್ಟಿದ್ದಾರಂತೆ.