ಗಾಡಿಗೆ ದೃಷ್ಟಿ ತೆಗೆದ ಸಂಜೆ

"ಭಾರ ಅನ್ನೋದು ಗಾಡೀಲಿ ಇರಲ್ಲ ಕಣೇ, ಓಡಿಸೋನ ತಲೇಲಿ ಇರುತ್ತೆ!"

ಇದು ಗೋವಿಂದರಾಜನಗರದ ಮಹದೇವನ ಘೋಷಣೆ. ಪೈಪು, ನಲ್ಲಿ, ಸಿಂಕು ಮಾರುವ ಅಂಗಡಿಯ ಯಜಮಾನ. ವಯಸ್ಸು ಐವತ್ತರ ಆಚೆ, ಹೊಟ್ಟೆ ಬೆಲ್ಟಿನ ಆಚೆ. ಇಂಥ ಮಹಾಪುರುಷ ಒಂದು ಭಾನುವಾರ ಕೆಂಗೇರಿಯಿಂದ ಸೆಕೆಂಡ್ ಹ್ಯಾಂಡ್ ಟೂರಿಂಗ್ ಬೈಕೊಂದನ್ನು ಮನೆಗೆ ತಂದುಬಿಟ್ಟ. ಬೈಕ್ ಅಂದ್ರೆ ಬೈಕಾ ಅದು! ಕಡುಗಪ್ಪು ಬಣ್ಣ, ಎರಡೂ ಪಕ್ಕಕ್ಕೆ ಸೂಟ್‌ಕೇಸಿನಷ್ಟು ಡಬ್ಬಿ, ಹಿಂದೆ ಕೂರೋರಿಗೆ ಸೋಫಾ, ಮುಂದೆ ಸ್ಪೀಕರ್, ತೂಕ ನಾಲ್ಕು ಕ್ವಿಂಟಾಲಿಗೆ ಒಂಚೂರು ಕಮ್ಮಿ. ಅದು ಗೇಟಿನೊಳಗೆ ಬಂದ ಮೇಲೆ ಮನೆಯೇ ಸ್ವಲ್ಪ ಚಿಕ್ಕದಾಗಿ ಕಂಡಿತು.

ಹೆಂಡತಿ ಪಂಕಜಾ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದು ಗಾಡಿಯನ್ನೊಮ್ಮೆ, ಗಂಡನನ್ನೊಮ್ಮೆ ನೋಡಿದಳು.

"ನಿಮ್ಮ ತಲೇಲಿ ಏನಾದ್ರೂ ಇದ್ದಿದ್ರೆ ಇದನ್ನ ತರ್ತಾನೇ ಇರ್ಲಿಲ್ಲ. ಬಿದ್ರೆ ಎತ್ತೋರು ಯಾರು?"

"ಬಿದ್ರೆ ತಾನೇ?"

"ಸರಿ ಹಾಗಾದ್ರೆ. ಒಂದೇ ಒಂದು ಸಲ ಇದು ಬಿದ್ದಿದ್ದು ನನ್ನ ಕಣ್ಣಿಗೆ ಕಂಡ್ರೂ ಮಾರನೇ ದಿನ ಮನೇಲಿರಬಾರದು. ಕೈಮೇಲೆ ಕೈ ಇಟ್ಟು ಹೇಳಿ."

ಮಹದೇವ್ ಕೈ ಇಟ್ಟು ಭಾಷೆ ಕೊಟ್ಟ. ಕೊಡುವಾಗ ನಕ್ಕ ಬೇರೆ! ಗಾಡಿ ಮಾರಿದವನು ಬಿಡಿಸಿ ಬಿಡಿಸಿ ಹೇಳಿದ್ದ: "ಓಡ್ತಾ ಇರೋವಾಗ ಇದು ಬೀಳಲ್ಲ ಸಾರ್, ನಿಂತಾಗಲೇ ಬೀಳೋದು. ವಾಲ್ತು ಅಂದ್ರೆ ಹಿಡಿಯೋಕೆ ಮಾತ್ರ ಹೋಗ್ಬೇಡಿ. ಬಿಟ್ಟು ಆ ಕಡೆ ಹಾರ್ಕೊಳ್ಳಿ." ಅದು ನಮ್ಮ ವೀರನ ಒಂದು ಕಿವಿಯಲ್ಲಿ ಹೋಗಿ ಇನ್ನೊಂದರಲ್ಲಿ ಬಂದಿತ್ತು.

ಅಂದಿನಿಂದ ಆ ಮನೆಯ ಮುಂಭಾಗ ಮೊದಲಿನಂತಿರಲಿಲ್ಲ ನೋಡಿ. ಸಂಜೆ ಇಂಜಿನ್ ಆರಿಸಿದ ಮೇಲೂ ಗಾಡಿಯೊಳಗಿಂದ ಟಿಕ್, ಟಿಕ್ ಅಂತ ಸದ್ದು. "ಬಿಸಿ ಲೋಹ ತಣ್ಣಗಾಗೋವಾಗ ಹಾಗೇ ಕಣೇ" ಅಂತ ಮಹದೇವ್ ವಿಜ್ಞಾನ ಬೋಧಿಸಿದ. ಗಾಡಿಯನ್ನು ಹೊರಗೇ ತೆಗೆಯದ ದಿನವೂ ಆ ಸದ್ದು ಬಂದಾಗ ಅವನ ವಿಜ್ಞಾನ ಬಾಯಿ ಮುಚ್ಚಿಕೊಂಡಿತು. ಬೀದಿಯ ಎಲ್ಲ ಕಾರುಗಳ ಮೇಲೂ ಮಲಗುವ ಬೆಕ್ಕು ಈ ಸೀಟಿನ ಹತ್ತಿರ ಬಂದು, ಬೆನ್ನು ಮೇಲೆತ್ತಿ, ಗಾಡಿಯ ಮೇಲಿಂದ ಕಣ್ಣು ಕೀಳದೆ ಹಿಂದೆ ಹಿಂದೆ ನಡೆದು ಹೋಯಿತು. ಎಲೆ ಅಲ್ಲಾಡದ ಮಧ್ಯಾಹ್ನ ಅದರ ಹೊದಿಕೆ ಮೆಲ್ಲಗೆ ಉಬ್ಬುತ್ತಿತ್ತು, ಮೆಲ್ಲಗೆ ಇಳಿಯುತ್ತಿತ್ತು. ಪಂಕಜಾ ರಂಗೋಲಿ ಹಾಕುವಾಗ ಅದಕ್ಕೆ ಬೆನ್ನು ಮಾಡದೆ ಓರೆಯಾಗಿ ಕೂರತೊಡಗಿದಳು.

"ಅದು ನೋಡುತ್ತೆ ರೀ."

"ಹೆಡ್‌ಲೈಟ್ ಕಣೇ ಅದು!"

"ಹೂಂ. ಅದೇ ನೋಡೋದು."

ಕೊನೆಗೆ ತೀರ್ಪು ಕೊಟ್ಟವರು ಪಕ್ಕದ ಮನೆಯ ಅಕ್ಕಯ್ಯಮ್ಮ. ಹಸುಗೂಸಿನಿಂದ ಹಿಡಿದು ಹೊಸ ವಾಷಿಂಗ್ ಮಷೀನಿನವರೆಗೆ ಬೀದಿಯವರ ದೃಷ್ಟಿಯನ್ನೆಲ್ಲ ತೆಗೆಯುವ ಅಜ್ಜಿ ಆಕೆ. ಕಾಂಪೌಂಡಿನ ಆಚೆಯಿಂದಲೇ ಗಾಡಿಯನ್ನು ದಿಟ್ಟಿಸಿ, "ಅದು ಹಸ್ಕೊಂಡಿದೆ ಕಣಪ್ಪ" ಅಂದುಬಿಟ್ಟರು. "ಅಮಾವಾಸ್ಯೆಗೆ ಒಂದು ಬೂದುಗುಂಬಳಕಾಯಿ ಒಡೆದು ಕೊಡು. ಸುಮ್ಮನಾಗ್ತದೆ."

ಅಂಗಡಿಗೆ ಪ್ರತಿ ಅಮಾವಾಸ್ಯೆ ಕುಂಬಳಕಾಯಿ ಒಡೆಯುವ ಮಹದೇವನಿಗೆ ಇದೇನು ಹೊಸದಲ್ಲ. ಆದರೆ ಅಂಗಡಿಗೆ ಒಡೆಯುವ ಪುಟಾಣಿ ಕಾಯಿ ಇಂಥ ಗಾಡಿಗೆ ಸಾಕಾಗುತ್ತಾ? ವಿಜಯನಗರದ ಮಾರ್ಕೆಟ್ಟಿನಲ್ಲಿ ಹುಡುಕಿ, ಎರಡು ಕೈಯಲ್ಲೂ ತಬ್ಬಿ ಎತ್ತಬೇಕಾದ ಕಾಯಿ ತಂದ. ಅದಕ್ಕೆ ತೂತು ಕೊರೆದು ಕುಂಕುಮದ ಇಡೀ ಪೊಟ್ಟಣ ಸುರಿದ. ಪಂಕಜಾ ಗಣೇಶನ ಗುಡಿಗೆ ಹೋಗಿದ್ದಳು. ಅವಳು ಮಂಗಳಾರತಿ ಮುಗಿಸಿ ಹೊರಗೆ ಬರುವಷ್ಟರಲ್ಲಿ ಗುಡಿಯ ಮುಂದೆ ಗಾಡಿಯಲ್ಲಿ ಗುಡುಗುಡು ಅಂತ ಪ್ರತ್ಯಕ್ಷನಾಗಬೇಕು ಅನ್ನುವುದು ಅವನ ಪ್ಲಾನು.

ಸೂರ್ಯ ಮುಳುಗಿ ಬೀದಿಗೆ ಕತ್ತಲು ಇಳಿಯುತ್ತಿತ್ತು. ಗಾಡಿಯನ್ನು ಗೇಟಿನಲ್ಲಿ ನಿಲ್ಲಿಸಿ, ಎರಡೂ ಚಕ್ರಕ್ಕೆ ನಿಂಬೆಹಣ್ಣು ಇಟ್ಟು, ಕುಂಬಳಕಾಯಿ ನಿವಾಳಿಸಿ, ಗೇಟಿನ ಮುಂದಿನ ಇಳಿಜಾರಿಗೇ ಎತ್ತಿ ಒಗೆದ. ಢಬ್! ಕಾಯಿ ಒಡೆದು ಕೆಂಪು ತಿರುಳು ಇಳಿಜಾರಿನ ತುಂಬ ಹರಡಿತು. ದೃಷ್ಟಿ ತೆಗೆದ ಮೇಲೆ ತಿರುಗಿ ನೋಡಬಾರದು, ಬಗ್ಗಿ ನೋಡಬಾರದು, ನಿಂಬೆಹಣ್ಣು ಜಜ್ಜಿಕೊಂಡು ನೇರ ಮುಂದಕ್ಕೆ ಹೋಗುತ್ತಿರಬೇಕು. ಆಚಾರವಂತ ಮಹದೇವ್ ಆಕಾಶ ನೋಡುತ್ತಾ ಗಾಡಿ ಬಿಟ್ಟ. ಮುಂದಿನ ಚಕ್ರ ನಿಂಬೆಹಣ್ಣು ಹತ್ತಿ, ಇಳಿದು, ಸೀದಾ ಕುಂಬಳಕಾಯಿಯ ಮೇಲೆ ಕಾಲಿಟ್ಟಿತು. ಗಾಬರಿಯಾಗಿ ಬ್ರೇಕ್ ಹಿಡಿದ. ಅಲ್ಲಿಗೆ ಮುಗಿಯಿತು!

ಅದು ದಡಾರನೆ ಬೀಳಲಿಲ್ಲ ಸ್ವಾಮಿ, ಅದೇ ಭಯಂಕರ. ಯೋಚನೆ ಮಾಡಿ ಮಾಡಿ, ಮೆತ್ತಗೆ ವಾಲಿತು. ಮಹದೇವ್ ಹಾರಿಕೊಳ್ಳುವುದು ಬಿಟ್ಟು ಹಿಡಿಯಲು ಹೋದ. ಕಾಲು ತಿರುಳಿನಲ್ಲಿ ಜಾರಿತು, ಅವನು ಕೆಳಗೆ, ಗಾಡಿ ಮೇಲೆ. ಪುಣ್ಯಕ್ಕೆ ಪಕ್ಕದ ಕಬ್ಬಿಣದ ಗಾರ್ಡು ನೆಲಕ್ಕೆ ಊರಿ ಗಾಡಿ ಓರೆಯಾಗಿ ನಿಂತಿತು, ಕಾಲು ಜಜ್ಜಲಿಲ್ಲ. ಆದರೆ ಡಬ್ಬಿಯ ಕೆಳಗೆ ಪ್ಯಾಂಟಿನ ಸಮೇತ ಸಿಕ್ಕಿಕೊಂಡಿತು. ಎಳೆದರೆ ಬರದು. ಅದೇ ಹೊತ್ತಿಗೆ ಬೀದಿಯ ಕರೆಂಟು ಹೋಯಿತು.

ಕತ್ತಲಲ್ಲಿ ಉರಿಯುತ್ತಿದ್ದದ್ದು ಗಾಡಿಯ ಒಂದೇ ಒಂದು ದೀಪ. ಅದು ಎದುರುಮನೆ ಗೋಡೆಯ ಮೇಲೆ ಹಳದಿ ವೃತ್ತ ಬರೆದು, ಆರಿ, ಮತ್ತೆ ಹೊತ್ತಿಕೊಂಡಿತು. ಮಹದೇವನ ಮುಖ, ಕೈ, ಅಂಗಿ ಎಲ್ಲ ಕೆಂಪು. ಎದೆಯ ಮೇಲೆ ಏನೋ ತಣ್ಣಗೆ ಹರಿಯುತ್ತಿತ್ತು. ಕೂಗೋಣ ಅಂದ್ರೆ ಪಂಕಜಾ ಯಾವ ಕ್ಷಣದಲ್ಲಾದರೂ ತಿರುವಿನಲ್ಲಿ ಬರಬಹುದು. ಅವಳ ಕಣ್ಣಿಗೆ ಬಿದ್ದರೆ ನಾಳೆ ಗಾಡಿ ಇಲ್ಲ! ಅವಳು ಬರೋದ್ರೊಳಗೆ ಯಾರಾದರೂ ಗಂಡಸರು ಬಂದು ಸದ್ದಿಲ್ಲದೆ ಎತ್ತಿಬಿಡಬೇಕು.

ಎದುರುಮನೆಯ ಬ್ಯಾಂಕ್ ನೌಕರ ಶ್ರೀರಾಮ್ ತರಕಾರಿ ಚೀಲ ಹಿಡಿದು ಬಂದರು. ಮಹದೇವನಿಗೆ ಹೋದ ಜೀವ ಬಂದಂತಾಯಿತು. ಮೆಲ್ಲಗೆ, ತೀರಾ ಮೆಲ್ಲಗೆ ಕರೆದ.

"ಶ್ರೀರಾಮ್... ಇಲ್ಲಿ ಬನ್ನಿ... ಹತ್ತಿರ ಬನ್ನಿ..."

ಶ್ರೀರಾಮ್ ನಿಂತರು. "ಯಾ... ಯಾರು?"

"ನಾನೇ... ಕೆಳಗಿದೀನಿ... ಕೈ ಕೊಡಿ..." ಅಂತ ಕತ್ತಲೊಳಗಿಂದ ಕೆಂಪು ಕೈಯೊಂದು ಮೇಲೆದ್ದಿತು.

ಆಗ ಗಾಡಿಯ ಸ್ಪೀಕರ್ ಕರಕರ ಅಂದಿತು. ಒಂದು ಹೆಂಗಸಿನ ದನಿ, ನಿಧಾನವಾಗಿ, ಸ್ಪಷ್ಟವಾಗಿ ಹೇಳಿತು: "ಹಿಂದಿರುಗಿ."

ಶ್ರೀರಾಮ್ ಹಿಂದಿರುಗಿದರು. ಅವರು ಹಿಂದಿರುಗಿದ ರಭಸಕ್ಕೆ ಚೀಲದ ಕ್ಯಾರೆಟ್ಟುಗಳು ಬೀದಿಯುದ್ದಕ್ಕೂ ಉರುಳಿದವು.

ಮಹದೇವನ ಬೆನ್ನಿನಲ್ಲೂ ಚಳಿ ಹತ್ತಿತು. ಥೂ, ಫೋನಿನ ಮ್ಯಾಪ್ ಇರಬೇಕು ಅಂದುಕೊಂಡ. ಈ ಗಾಡಿಗೆ ಸ್ವಂತ ಮ್ಯಾಪ್ ಇಲ್ಲ, ಜೇಬಿನ ಫೋನು ಮಾತಾಡಿದರೆ ಸ್ಪೀಕರಿನಲ್ಲಿ ಕೇಳುತ್ತದೆ, ಅಷ್ಟೇ. ಬೀಳುವಾಗ ಏನೋ ಒತ್ತಿಹೋಗಿದೆ. ಜೇಬು ಮುಟ್ಟಿ ನೋಡಿದ, ಫೋನಿಲ್ಲ. ಇಲ್ಲೇ ಎಲ್ಲೋ ಕುಂಬಳಕಾಯಿಯಲ್ಲಿ ಬಿದ್ದಿರುತ್ತೆ ಅಂತ ಸಮಾಧಾನ ಮಾಡಿಕೊಂಡ.

"ನೀವು ತಲುಪಬೇಕಾದ ಸ್ಥಳ ತಲುಪಿದ್ದೀರಿ" ಅಂದಿತು ದನಿ.

"ಸುಮ್ನಿರಮ್ಮ ತಾಯಿ!" ಅಂತ ಮಹದೇವ್ ಪಿಸುಗುಟ್ಟಿದ.

ಟಾರ್ಚು ಹಿಡಿದು ಗೋಡೆ ಸವರಿಕೊಂಡು ಬಂದದ್ದು ಅಕ್ಕಯ್ಯಮ್ಮ. ಕೆಂಪು ತಿರುಳಿನ ಅಂಚಿಗೆ ಬಂದು ನಿಂತುಬಿಟ್ಟರು.

"ಅಜ್ಜೀ, ನಾನು ಮಹದೇವ! ಯಾರನ್ನಾದ್ರೂ ಕರೀರಿ, ಪಂಕಜಾಗೆ ಮಾತ್ರ ಗೊತ್ತಾಗಬಾರದು."

"ಒಡೆದ ಕುಂಬಳಕಾಯಿ ದಾಟಬಾರದು ಕಣಪ್ಪ. ಅಲ್ಲದೆ ನೀನು ಮಹದೇವ ಅಂತ ನೀನು ಹೇಳ್ತೀಯ. ಅಂಥವು ಹಂಗೇ ಹೇಳ್ತವೆ."

"ಅಯ್ಯೋ, ಎಂಥವು?"

"ಗುಸುಗುಸು ಮಾತಾಡೋವು. ಮನುಷ್ಯ ಆಗಿದ್ರೆ ಜೋರಾಗಿ ಕೂಗ್ತಾನೆ. ಎಲ್ಲಿ, ಹೆಂಡ್ತಿ ಹೆಸರು ಕೂಗು ನೋಡಾನ."

ಬಂತಲ್ಲ ಪ್ರಾಣಸಂಕಟ! ಕೂಗಿದರೆ ಗಾಡಿ ಹೋಗುತ್ತೆ, ಕೂಗದಿದ್ದರೆ ದೆವ್ವ ಆಗಬೇಕು. ಮಹದೇವ್ ತುಟಿ ಕಚ್ಚಿ ಯೋಚಿಸುತ್ತಿದ್ದಾಗ ಮೇಲೆ ಗಾಡಿ ತಾನಾಗಿಯೇ ನಿಟ್ಟುಸಿರು ಬಿಟ್ಟಿತು. ಗಾರ್ಡು ತಿರುಳಿನಲ್ಲಿ ಜಾರಿ, ಅಷ್ಟೂ ಭಾರ ಅವನ ಕಡೆಗೆ ಒಂದು ಬೆರಳಿನಷ್ಟು ಇಳಿಯಿತು. ಹೆಡ್‌ಲೈಟು ಸರಕ್ಕನೆ ಅವನ ಮುಖದತ್ತ ತಿರುಗಿತು. ಅದು ನನ್ನನ್ನೇ ನೋಡುತ್ತಿದೆ ಅನ್ನಿಸಿ ಅವನ ಎದೆ ಝಲ್ಲೆಂದಿತು.

"ಪಂಕಜಾ! ಲೇ ಪಂಕಜಾ! ಬಾರೇ!"

ಆ ಕೂಗು ಮಾಗಡಿ ರೋಡಿನವರೆಗೂ ಕೇಳಿಸಿರಬೇಕು. ಪಂಕಜಾ ತಿರುವಿನಿಂದ ಓಡಿ ಬಂದಳು. ರೇಷ್ಮೆ ಸೀರೆ, ಕೈಯಲ್ಲಿ ಪ್ರಸಾದ. ಕುಂಬಳಕಾಯಿಯನ್ನೂ ನೋಡಲಿಲ್ಲ, ಅಕ್ಕಯ್ಯಮ್ಮನ "ದಾಟಬೇಡ್ವೇ!" ಅನ್ನುವುದನ್ನೂ ಕೇಳಲಿಲ್ಲ. ಸೀದಾ ತಿರುಳಿನಲ್ಲಿ ಮಂಡಿಯೂರಿ ಗಂಡನ ಮುಖ ಹಿಡಿದುಕೊಂಡಳು.

"ಬದುಕಿದೀರಾ?"

"ಬದುಕಿದೀನಿ ಕಣೇ. ಇದು ಕುಂಕುಮ."

"ಹಾಗಾದ್ರೆ ಆಮೇಲೆ ಬೈತೀನಿ" ಅಂದು ಅವಳು ಗೊಳೋ ಅಂತ ಅತ್ತಳು. ಮಹದೇವ್ ಕೆಂಪು ಕೈಯಲ್ಲೇ ಅವಳ ಕಣ್ಣೊರೆಸಿದ. ಗಾಡಿ ಹೋದರೆ ಹಾಳಾಗಿಹೋಗಲಿ ಅಂತ ಆ ಕ್ಷಣಕ್ಕೆ ಅನ್ನಿಸಿದ್ದು ನಿಜ.

ಅಷ್ಟರಲ್ಲಿ ಶ್ರೀರಾಮ್ ಗಾಡಿಯೊಳಗೆ ಹೆಂಗಸಿನ ದನಿ ಮಾತಾಡ್ತು ಅನ್ನುತ್ತಾ ಅರ್ಧ ಬೀದಿಯನ್ನೇ ಕರೆದುಕೊಂಡು ಬಂದಿದ್ದರು. ಗಂಡಸರೆಲ್ಲ ಸುತ್ತ ನಿಂತರೇ ಹೊರತು ಒಬ್ಬರೂ ಗಾಡಿ ಮುಟ್ಟಲಿಲ್ಲ. ಅಕ್ಕಯ್ಯಮ್ಮ ಕೈ ಮುಗಿದು ಗಾಡಿಯನ್ನೇ ಕೇಳಿದರು.

"ತಾಯೀ, ತಪ್ಪಾಯ್ತು. ಈ ಮಕ್ಕಳು ಮುಟ್ಟಬಹುದಾ?"

ಸ್ಪೀಕರ್ ಕರಕರ ಅಂದಿತು.

"ಮುಂದೆ ಸಾಗಿ."

"ಅಮ್ಮಾ!" ಅಂತ ಒಂದೇ ಸಲ ಕೂಗಿ ಎಲ್ಲರೂ ಕೈ ಹಾಕಿದರು. ಅಷ್ಟು ಭಾರದ ಗಾಡಿ ಹೂವಿನಂತೆ ಎದ್ದು ನಿಂತಿತು. ಬೀದಿಗೆ ಕರೆಂಟೂ ಬಂತು.

ಬೆಳಿಗ್ಗೆ ಮಹದೇವ್ ಹೆಲ್ಮೆಟ್ಟು, ಮೊಣಕಾಲುದ್ದದ ರೈಡಿಂಗ್ ಬೂಟು ಹಾಕಿಕೊಂಡು ಸಪ್ಪೆ ಮೋರೆಯಲ್ಲಿ ಹೊರಗೆ ಬಂದ. ಭಾಷೆ ಅಂದ್ರೆ ಭಾಷೆ, ಗಾಡಿಯನ್ನು ಕೆಂಗೇರಿಗೇ ವಾಪಸು ಬಿಟ್ಟುಬರಬೇಕು. ನೋಡಿದರೆ ಹ್ಯಾಂಡಲ್ಲಿಗೆ ಬೇವಿನಸೊಪ್ಪು, ಹೆಡ್‌ಲೈಟಿಗೆ ಕುಂಕುಮ, ಸೀಟಿನ ಮೇಲೆ ಮಡಿಲಕ್ಕಿ! ಗೇಟಿನಿಂದ ಬೀದಿಯ ತಿರುವಿನವರೆಗೆ ಹೆಂಗಸರ ಸಾಲು. ಆರತಿ ತಟ್ಟೆ ಹಿಡಿದು ಮುಂದೆ ನಿಂತವಳು ಪಂಕಜಾ.

"ಏನೇ ಇದು? ಗಾಡಿ ತಗೊಂಡು ಹೋಗ್ಬೇಕಲ್ಲ?"

"ಬಾಯಿಗೆ ಬಂದಂಗೆ ಮಾತಾಡ್ಬೇಡಿ. ಎಲ್ಲಿಗೂ ಹೋಗಲ್ಲ. ಇಲ್ಲೇ ಇರ್ತಾಳೆ."

ಮಹದೇವನ ಹೊಟ್ಟೆಯೊಳಗೆ ಸಕ್ಕರೆ ಸುರಿದಂತಾಯಿತು. ಗಾಡಿ ಉಳಿಯಿತು! "ಸರಿ ಹಾಗಾದ್ರೆ, ಅಂಗಡಿಗಾದ್ರೂ ಓಡಿಸ್ಕೊಂಡು ಹೋಗ್ತೀನಿ" ಅಂತ ಕಾಲೆತ್ತಿದ.

"ಅಯ್ಯಯ್ಯೋ! ಅಮ್ಮನ ಮೇಲೆ ಕಾಲು ಹಾಕ್ತಾನೆ!" ಅಂತ ಇಡೀ ಸಾಲು ಚೀರಿತು.

ಈಗ ಮಹದೇವನಿಗೆ ಸಿಟ್ಟು ನೆತ್ತಿಗೇರಿತು. ಒಳಗೆ ಓಡಿ, ಪಂಕಜಾ ಚಾರ್ಜಿಗೆ ಹಾಕಿದ್ದ ತನ್ನ ಫೋನು ಕಿತ್ತು ತಂದು ಎಲ್ಲರ ಮುಖದ ಮುಂದೆ ಹಿಡಿದ.

"ನೋಡಿ, ನೋಡಿ ಸರಿಯಾಗಿ! ಮಾತಾಡಿದ್ದು ಅಮ್ಮ ಅಲ್ಲ, ಮ್ಯಾಪು! ಈ ಫೋನಿನ ಮ್ಯಾಪು! ನಿನ್ನೆ ಇದು ನನ್ನ ಜೇಬಿಂದ ಕುಂಬಳಕಾಯಿಗೆ ಬಿದ್ದು ಗಾಡಿಯ ಸ್ಪೀಕರಲ್ಲಿ ಮಾತಾಡ್ತು. ಇಷ್ಟೂ ತಿಳಿಯಲ್ವಾ ನಿಮಗೆ?"

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಪಂಕಜಾ ಮಾತ್ರ ಆರತಿ ತಟ್ಟೆ ಕೆಳಗಿಟ್ಟು, ಅವನನ್ನು ವಿಚಿತ್ರವಾಗಿ ನೋಡಿದಳು.

"ರೀ, ನನ್ನ ಫೋನಲ್ಲಿ ಚಾರ್ಜ್ ಇರಲಿಲ್ಲ ಅಂತ ಸಂಜೇನೇ ನಿಮ್ಮದು ತಗೊಂಡು ಹೋಗಿದ್ದೆ. ಗಾಡಿ ಮೊದಲು ಮಾತಾಡಿದಾಗ ಅದು ನನ್ನ ಜೊತೆ ಗುಡೀಲಿತ್ತು."

ಮಹದೇವ್ ಫೋನನ್ನು ನೋಡಿದ. ಗಾಡಿಯನ್ನು ನೋಡಿದ. ಕುಂಕುಮದ ಹಿಂದಿನಿಂದ ಗಾಡಿಯೂ ಅವನನ್ನು ನೋಡಿತು. ಅವನು ಸದ್ದಿಲ್ಲದೆ ಮೆಟ್ಟಿಲ ಮೇಲೆ ಕೂತು, ಬೂಟಿನ ಬಕಲ್ಲುಗಳನ್ನು ಒಂದೊಂದಾಗಿ ಬಿಚ್ಚತೊಡಗಿದ.

"ಸಾಲು ಆ ಕಡೆಯಿಂದ ಕಣಪ್ಪ" ಅಂದರು ಅಕ್ಕಯ್ಯಮ್ಮ.