ಕೌದಿಯಲ್ಲಿ ಸೂಜಿ ನಾಪತ್ತೆ

ಕೌದಿ ಹೊಲಿಯುವುದು ಬಹಳ ಸುಲಭದ ಕೆಲಸ ಎಂದು ನಾನು ನನ್ನ ಹೆಂಡತಿ ಜಯಮ್ಮನಿಗೆ ಹೇಳಿದೆ. ಆಕೆ ಸುಮ್ಮನೆ ನನ್ನ ಕೈಬೆರಳುಗಳನ್ನು ನೋಡಿದಳು.

ಆಗ ಯುದ್ಧದ ಕಾಲ. ನಾನು ಮೈಸೂರಿನ ಒಂದು ಪತ್ರಿಕೆಗೆ ಮಂಡ್ಯದ ವರದಿಗಾರ. ಅಲ್ಲೇ ಗುತ್ತಲಿನಲ್ಲಿ ಬಾಡಿಗೆ ಮನೆ. ಜಯಮ್ಮ ಚೊಚ್ಚಲ ಹೆರಿಗೆಗೆಂದು ತವರೂರಾದ ಬೆಳಕವಾಡಿಗೆ ಹೊರಟಿದ್ದಳು. ಹುಟ್ಟುವ ಕೂಸಿಗೆ ಹೊಸ ಬಟ್ಟೆ ಆಗದು. ಹಳೆಯ ಸೀರೆಗಳ ಮೆತ್ತನೆಯ ಕೌದಿಯೇ ಆಗಬೇಕು. ಅದು ಕೂಸಿನ ಅಪ್ಪನ ಮನೆಯಿಂದಲೇ ಬರಬೇಕು. ತೊಟ್ಟಿಲಿಗೆ ಹಾಕುವ ದಿನ ಅಪ್ಪನೇ ಅದನ್ನು ಹೊತ್ತು ತರಬೇಕು. ಇದು ಅವರ ಮನೆಯ ಕಟ್ಟಳೆ. ಅದಕ್ಕಾಗಿ ಜಯಮ್ಮ, ತೀರಿಕೊಂಡ ನನ್ನ ತಾಯಿಯ ಸೀರೆಗಳನ್ನು ಮೇಲೆ ಕೆಳಗೆ ಹಾಸಿ, ನಾನು ಚಿಕ್ಕವನಾಗಿದ್ದಾಗ ಮಲಗುತ್ತಿದ್ದ ಹಳೆ ಕೌದಿಯ ತುಂಡನ್ನು ಒಳಗಿಟ್ಟು, ಅಂಚಿನಿಂದ ಸುತ್ತಿ ಸುತ್ತಿ ಒಳಕ್ಕೆ ಹೊಲಿದುಕೊಂಡು ಬಂದಿದ್ದಳು. ನಡುವೆ ಒಂದಿಷ್ಟು ಮಾತ್ರ ಬಾಕಿ.

“ಎಲ್ಡು ಗೇಣು ಉಳ್ದದೆ. ಪಕ್ಕದ್ಮನೆ ಕೆಂಪಕ್ಕಂಗೆ ಕೊಟ್ಬುಡಿ, ಒಂದ್ ಮದ್ದಾನದಲ್ಲಿ ಮುಗಿಸ್ಕೊಡ್ತಾಳೆ” ಎಂದಳು ಬಸ್ಸು ಹತ್ತುವಾಗ. “ನೀವ್ ಮಾತ್ರ ಮುಟ್ಬ್ಯಾಡಿ.”

“ಯಾಕೆ?”

“ನಮ್ಮವ್ವ ಆಗ್ಲೇ ಏಳವ್ಳೆ, ನಿನ್ ಗಂಡನ್ ಮನೆಯಿಂದ ಒಂದ್ ನೆಟ್ಟಗಿರೋ ಚಿಂದಿನೂ ಬರಾಕಿಲ್ಲ ಅಂತ.”

ಈ ಹೇಳಿಕೆ ನನ್ನ ಮಾನಕ್ಕೆ ತಟ್ಟಿತು. ಆ ಕ್ಷಣವೇ ಕೌದಿಯನ್ನು ನಾನೇ ಮುಗಿಸುವುದೆಂದು ತೀರ್ಮಾನವಾಯಿತು. ತೀರ್ಮಾನಕ್ಕೆ ಇನ್ನೊಂದು ಕಾರಣವೂ ಇತ್ತು. ಅದು ಮೊಳ ಬಟ್ಟೆಗಾಗಿ ಜನ ಸಾಲುಗಟ್ಟಿ ನಿಲ್ಲುತ್ತಿದ್ದ ಕಾಲ. ನನ್ನ ತಾಯಿಯ ಸೀರೆಗಳು ಹಳೆಯವಾದರೂ ಗಟ್ಟಿ ನೂಲಿನವು. ಕೆಂಪಮ್ಮನ ಮನೆಗೆ ಹೋದ ಕೌದಿ ಅಷ್ಟೇ ದಪ್ಪನಾಗಿ ಹಿಂದಿರುಗುವುದೆಂಬುದಕ್ಕೆ ಖಾತರಿ ಏನು? ಕೆಂಪಮ್ಮ ಒಳ್ಳೆಯ ಹೆಂಗಸು, ನಿಜ. ಆದರೆ ಒಳ್ಳೆಯವರನ್ನು ಮೊದಲು ಸಂಶಯಿಸಬೇಕೆಂಬುದು ನಮ್ಮ ಕಸುಬಿನ ಪಾಠ. ಕೆಟ್ಟವರ ವಿಷಯ ಹೇಗೂ ಎಲ್ಲರಿಗೂ ಗೊತ್ತಿರುತ್ತದೆ.

ಕೆಲಸ ಶುರು ಮಾಡಲು ಹೊರಟಾಗ ಮನೆಯಲ್ಲಿ ಸೂಜಿಯೇ ಇರಲಿಲ್ಲ. ಜಯಮ್ಮ ಅದನ್ನು ಜೊತೆಯಲ್ಲೇ ಒಯ್ದಿದ್ದಳು. ಅದು ಮುನ್ನೆಚ್ಚರಿಕೆಯ ಕ್ರಮವೆಂದು ಈಗ ಹೊಳೆಯುತ್ತದೆ. ಅಂಗಡಿಗಳಲ್ಲಿ ವಿಚಾರಿಸಿದರೆ ಒಳ್ಳೆಯ ಸೂಜಿ ಹಡಗಿನಲ್ಲಿ ಬರಬೇಕು, ಹಡಗುಗಳೆಲ್ಲ ಯುದ್ಧಕ್ಕೆ ಹೋಗಿವೆ ಎಂದರು. ಹೀಗಾಗಿ ಸಂಜೆ ಕೆಂಪಮ್ಮನ ಬಾಗಿಲಿಗೇ ಹೋಗಿ ನಿಲ್ಲಬೇಕಾಯಿತು.

“ಒಂದು ಸೂಜಿ ಬೇಕಿತ್ತು ಕೆಂಪಮ್ಮ.”

“ಅಯ್ಯೋ ಸಿವ್ನೆ! ದೀಪ ಅಚ್ಚಿದ್ಮ್ಯಾಲೆ ಅದ್ರೆಸ್ರು ಎತ್ತಾರಾ ಪೇಪರಣ್ಣ? ಓಗು, ಬೆಳಿಗ್ಗೆ ಬಾ.”

ಬೆಳಿಗ್ಗೆ ಹೋದೆ. ಸೂಜಿಯನ್ನು ಕೈಗೆ ಕೊಡಲಿಲ್ಲ. ಜಗಲಿಯ ಮೇಲೆ ಮಡಗಿ, ದೂರ ಸರಿದು ನಿಂತಳು. ಕೈಯಿಂದ ಕೈಗೆ ಕೊಟ್ಟರೆ ಜಗಳವಾಗುತ್ತದಂತೆ.

“ಯುದ್ದಕ್ ಮುಂಚಿನ್ದು ಕಣಣ್ಣ. ದೀಪ ಅಚ್ಚೊ ಒತ್ಗೆ ನಮ್ಮನೆ ಸೇರ್ಬೇಕು, ಗ್ಯಾನ ಇರ್ಲಿ.”

“ಖಂಡಿತ” ಎಂದೆ.

ನಮ್ಮ ಜಗಲಿಯ ಮೇಲೆ ಚಕ್ಕಂಬಕ್ಕಲ ಹಾಕಿ ಕೌದಿಯನ್ನು ತೊಡೆಯ ಮೇಲೆ ಹರಡಿಕೊಂಡೆ. ಮೊದಲ ಸಾಲು ನಾನೇ ಬೆರಗಾಗುವಷ್ಟು ಸಲೀಸಾಗಿ ಸಾಗಿತು. ಎರಡನೆಯದೂ ಹಾಗೆಯೇ. ಹೆಂಗಸರು ಈ ಕೆಲಸವನ್ನು ಸುಮ್ಮನೆ ದೊಡ್ಡದು ಮಾಡಿದ್ದಾರೆಂಬ ಸಂಶಯ ಬಲವಾಯಿತು. ನೀರು ಕುಡಿಯಲೆಂದು ಎದ್ದೆ. ಕೌದಿಯೂ ಎದ್ದಿತು! ಎರಡೂ ಸಾಲುಗಳನ್ನು ನನ್ನ ಪಂಚೆಗೆ ಸೇರಿಸಿ ಭದ್ರವಾಗಿ ಹೊಲಿದಿದ್ದೆ.

ಅದನ್ನು ಬಿಚ್ಚಿ, ಪಂಚೆಯನ್ನು ಮೇಲಕ್ಕೆ ಕಟ್ಟಿ, ಮತ್ತೆ ಕುಳಿತೆ. ನಡುವಿನ ಬಟ್ಟೆ ಗುಡ್ಡದಂತೆ ಉಬ್ಬಿತು. ಅದಮಿದರೆ ಪಕ್ಕದಲ್ಲಿ ಇನ್ನೊಂದು ಗುಡ್ಡ. ಅಷ್ಟರಲ್ಲಿ ದಾರ ಮುಗಿಯಿತು. ಟಪಾಲು ಬಸ್ಸಿಗೆ ಆ ದಿನದ ವರದಿಯನ್ನು ತಲುಪಿಸುವ ಹೊತ್ತೂ ಆಯಿತು. ಸೂಜಿಯನ್ನು ಕೌದಿಗೇ ಚುಚ್ಚಿ, ಜಗಲಿಯ ಮೇಲೆ ಬಿಟ್ಟು ಓಡಿದೆ.

ಹಿಂದಿರುಗಿದಾಗ ದೀಪ ಹಚ್ಚಿದ್ದರು. ಕೌದಿ ಇತ್ತು. ಸೂಜಿ ಇರಲಿಲ್ಲ!

ಕೂಸಿನ ಕೌದಿಯಲ್ಲಿ ಸೂಜಿ ಕಳೆಯುವುದೆಂದರೆ ತಮಾಷೆಯೆ? ನಾನು ಮೊಣಕಾಲೂರಿ ಜಗಲಿಯನ್ನು ತಡಕುತ್ತಿದ್ದಾಗ ಕೆಂಪಮ್ಮ ತನ್ನ ಬಾಗಿಲಿಗೆ ಬಂದಳು.

“ಏನಣ್ಣ ಉಡುಕ್ತಿದ್ದೀಯೆ?”

ದೀಪ ಹಚ್ಚಿದ ಮೇಲೆ ಅದರ ಹೆಸರೆತ್ತುವಂತಿಲ್ಲ. ಎತ್ತಿದರೆ ಕಳೆದದ್ದು ಗೊತ್ತಾಗುತ್ತದೆ.

“ಏನೂ ಇಲ್ಲ” ಎಂದೆ.

“ಏನೂ ಇಲ್ದಿದ್ದುನ್ನ ಯಾಕಣ್ಣ ಉಡುಕ್ತೀಯೆ? ಒಲ್ಗೆ ಆಯ್ತಾ?”

“ಆಯ್ತು, ಆಯ್ತು.”

ಅವಳು ನಕ್ಕು ಒಳಗೆ ಹೋದಳು. ಆ ನಗೆ ನನಗೆ ಸರಿಕಾಣಲಿಲ್ಲ.

ಅವಳ ಮೇಲೆ ಸಂಶಯ ಬರಲಿಲ್ಲವೆ ಎಂದು ಕೇಳಬಹುದು. ಬಂದಿತು. ಆದರೆ ಅವಳ ಸೂಜಿಯನ್ನು ಅವಳೇ ಕದಿಯುವುದರಲ್ಲಿ ಅರ್ಥವಿಲ್ಲವೆಂದು ತರ್ಕಿಸಿ ಅವಳನ್ನು ಬಿಟ್ಟುಬಿಟ್ಟೆ. ಉಳಿದದ್ದು ಒಂದೇ ಸಾಧ್ಯತೆ: ಸೂಜಿ ಕೌದಿಯ ಒಳಕ್ಕೆ ಜಾರಿದೆ.

ಮರುದಿನದಿಂದ ನಾನು ಹಿತ್ತಿಲ ಬಾಗಿಲಿನಿಂದ ಓಡಾಡತೊಡಗಿದೆ. ಮುಂದಿನ ಬಾಗಿಲಿನಲ್ಲಿ ಕೆಂಪಮ್ಮ ಸಿಕ್ಕಿ ಸೂಜಿ ಕೇಳಿದರೆ? ಆದರೆ ಅವಳು ಕೇಳಲೇ ಇಲ್ಲ. ಬಾವಿಕಟ್ಟೆಯಲ್ಲಿ ಎದುರಾದಾಗಲೂ ಕೇಳಲಿಲ್ಲ. ಯುದ್ಧದ ಕಾಲದಲ್ಲಿ, ಯುದ್ಧಕ್ಕೆ ಮುಂಚಿನ ಸೂಜಿಯನ್ನು ಕೊಟ್ಟವಳು ವಾಪಸು ಕೇಳುವುದಿಲ್ಲ! ಇದರ ಹಿಂದೆ ಏನೋ ಇದೆ ಎಂದುಕೊಂಡೆ. ಏನೆಂದು ಅವಳನ್ನೇ ಕೇಳಬಹುದಿತ್ತು. ಆದರೆ ಸಂಬಂಧಪಟ್ಟವರನ್ನು ನೇರವಾಗಿ ಕೇಳಿದರೆ ನಿಜ ಹೊರಬರುವುದಿಲ್ಲವೆಂಬುದು ನನ್ನ ಅನುಭವ.

ಇಷ್ಟರಲ್ಲಿ ಬೆಳಕವಾಡಿಯಿಂದ ಬಂದ ಬಸ್ಸಿನ ಕಂಡಕ್ಟರು ಸುದ್ದಿ ತಂದ. ಹೆಣ್ಣು ಕೂಸು. ತಾಯಿ ಮಗು ಕ್ಷೇಮ. ತೊಟ್ಟಿಲ ಶಾಸ್ತ್ರಕ್ಕೆ ಕೌದಿಯೊಡನೆ ಬರತಕ್ಕದ್ದು.

ನಾನು ಕೌದಿಯನ್ನು ಎತ್ತಿಕೊಂಡು ಬಸ್ ನಿಲ್ದಾಣದ ಹತ್ತಿರದ ರಹಮಾನ್ ಸಾಬರ ಷೆಡ್ಡಿಗೆ ಓಡಿದೆ. ರಹಮಾನರು ಬಸ್ಸು ರಿಪೇರಿಯವರು. ಅವರ ಬಳಿ ಹಳೆಯ ಬಸ್ಸಿನಿಂದ ಬಿಚ್ಚಿದ ಒಂದು ದೊಡ್ಡ ಅಯಸ್ಕಾಂತವಿತ್ತು.

“ಒಂದು ಸೂಜಿ ಏನು ಪೇಪರ್ ಸಾಬ್, ಗುತ್ತಲಿನ ಸೂಜಿ ಎಲ್ಲ ಎದ್ದು ಬರ್ತಾವೆ, ನೋಡ್ತಾ ಇರಿ!” ಎಂದು ಅದನ್ನು ಎತ್ತಿದರು. ಅದು ಮೊದಲು ಅವರ ಸ್ಪ್ಯಾನರಿನ ಪೆಟ್ಟಿಗೆಯನ್ನು ಹಿಡಿದುಕೊಂಡಿತು. ಬಿಡಿಸುವುದಕ್ಕೆ ಇಬ್ಬರೂ ಜಗ್ಗಬೇಕಾಯಿತು. ಆಮೇಲೆ ಕೌದಿಯ ಮೇಲೆ ಆಡಿಸಿದರು. ಒಂದು ಮೂಲೆಯಲ್ಲಿ ಬಟ್ಟೆ ಸ್ವಲ್ಪ ಮೇಲೆದ್ದಿತು.

“ಸಿಕ್ತು!”

ಬಿಚ್ಚಿದೆವು. ಸೂಜಿಯೇ! ಆದರೆ ತುಕ್ಕು ಹಿಡಿದು ಕರ್ರಗಾದ ಬೇರೊಂದು ಸೂಜಿ. ಒಳಗಿಟ್ಟಿದ್ದ ಹಳೆ ಕೌದಿಯ ತುಂಡಿನಲ್ಲಿ ಅದು ಎಷ್ಟೋ ವರ್ಷದಿಂದ ವಾಸವಾಗಿತ್ತು. ಅಂದರೆ ನಾನು ಬಾಲ್ಯವಿಡೀ ಅದರ ಮೇಲೆ ಮಲಗಿ ಬೆಳೆದವನು. ನನ್ನ ಸ್ವಭಾವದ ಬಗ್ಗೆ ಅತ್ತೆಯವರು ಎತ್ತುತ್ತಿದ್ದ ಹಲವು ಪ್ರಶ್ನೆಗಳಿಗೆ ಅಂದು ಉತ್ತರ ಸಿಕ್ಕಿತು.

“ಈಗ ಸಮಾಧಾನ ಆಯ್ತಾ?” ಎಂದರು ರಹಮಾನರು.

ಹೇಗೆ ಆಗುತ್ತದೆ? ಒಂದು ಸೂಜಿಯನ್ನು ಇಷ್ಟು ವರ್ಷ ಬಚ್ಚಿಟ್ಟುಕೊಂಡ ಕೌದಿ ಎರಡನೆಯದನ್ನು ಬಿಟ್ಟುಕೊಟ್ಟೀತೆ? ನಾನು ಆ ಕೌದಿಯನ್ನು ನಂಬುವುದನ್ನೇ ಬಿಟ್ಟೆ. ಮನೆಗೆ ತಂದು ಜಯಮ್ಮನ ಹೊಲಿಗೆಯನ್ನು ಅಂಚಿನಿಂದ ಅಂಚಿಗೆ ಬಿಚ್ಚಿದೆ. ತಾಯಿಯ ಸೀರೆಗಳನ್ನು ಒಂದೊಂದಾಗಿ ಕೊಡವಿದೆ. ಏನೂ ಬೀಳಲಿಲ್ಲ. ಸೂಜಿ ಇಲ್ಲವೆಂದು ಇದರ ಅರ್ಥವಲ್ಲ. ಸಿಕ್ಕಿಲ್ಲವೆಂದಷ್ಟೇ ಅರ್ಥ.

ಈಗ ಬಿಚ್ಚಿದ್ದನ್ನೆಲ್ಲ ಮತ್ತೆ ಹೊಲಿಯಬೇಕು. ರಹಮಾನರ ಬೀಬಿ ಕನಿಕರಪಟ್ಟು ತಮ್ಮ ಸೂಜಿಯನ್ನು ಕೊಟ್ಟರು. ಬಾಗಿಲು ಹಾಕಿಕೊಂಡು ಹೊಲಿದೆ. ಚೌಕವಾಗಿದ್ದ ಕೌದಿ ಮೊದಲು ಉದ್ದವಾಯಿತು, ಆಮೇಲೆ ಓರೆಯಾಯಿತು, ಕೊನೆಗೆ ಒಂದು ತುದಿ ಸುರುಟಿ ಮೇಲೆದ್ದು ನಿಂತಿತು. ಶಾಸ್ತ್ರದ ದಿನ ಬೆಳಿಗ್ಗೆ ಬಸ್ಸಿನ ಹಾರನ್ನು ಕೇಳುತ್ತಿರುವಾಗ ಕೊನೆಯ ದಾರವನ್ನು ಹಲ್ಲಿನಿಂದ ಕಡಿದು, ಕೌದಿಯನ್ನು ಗಂಟು ಕಟ್ಟಿ ಓಡಿದೆ.

ಬಸ್ಸಿನಲ್ಲಿ ಕೆಂಪಮ್ಮ! ಜಯಮ್ಮ ಅವಳಿಗೂ ಹೇಳಿಕಳಿಸಿದ್ದಳಂತೆ.

“ಕೊಡಣ್ಣ ಗಂಟ, ತೊಡೆ ಮ್ಯಾಲ್ ಮಡಿಕತೀನಿ.”

“ಬೇಡ! ಮುಟ್ಟಬೇಡ!”

ಬಸ್ಸಿನವರೆಲ್ಲ ತಿರುಗಿ ನೋಡಿದರು. ಪೆಟ್ರೋಲು ಸಿಗದೆ ಇದ್ದಿಲ ಹೊಗೆಯಿಂದ ಓಡುತ್ತಿದ್ದ ಬಸ್ಸು ಅದು. ಮದ್ದೂರಿನಲ್ಲಿ ಇದ್ದಿಲು ತುಂಬಿಸಲು ನಿಂತಾಗ ಬೆಸಗರಹಳ್ಳಿಯ ಗೌಡರೊಬ್ಬರು ಹತ್ತಿ, ನನ್ನ ಪಕ್ಕದಲ್ಲಿ ಕುಳಿತು, ಗಂಟಿಗೆ ಒರಗಹೋದರು. ನಾನು ಗಂಟನ್ನು ಸರಕ್ಕನೆ ಎಳೆದುಕೊಂಡೆ.

“ಏನೈತ್ಲಾ ಅದ್ರೊಳ್ಗೆ? ಅಂಗ್ ತಬ್ಕೊಂಡಿದ್ದೀಯೆ!”

“ಕೌದಿ.”

“ಕೌದಿಗ್ಯಾಕ್ಲಾ ಇಷ್ಟ್ ಕಾವ್ಲು?”

ಅಕ್ಕಿ ರಾಗಿಗಳನ್ನು ಪರವಾನಗಿಯಿಲ್ಲದೆ ಸಾಗಿಸಬಾರದೆಂದು ಕಟ್ಟುನಿಟ್ಟಾಗಿದ್ದ ಕಾಲ. ಮಳವಳ್ಳಿಯಲ್ಲಿ ತಪಾಸಣೆಗೆ ಪೋಲೀಸಿನವನು ಹತ್ತಿದಾಗ ಗೌಡರು ನನ್ನ ಕಡೆ ಗದ್ದ ಎತ್ತಿ ತೋರಿಸಿದರು. ಅಷ್ಟು ಸಾಕಾಯಿತು.

“ಬಿಚ್ರಿ ಗಂಟು.”

ಬಿಚ್ಚಿದೆ. ಅವನು ಕೌದಿಯನ್ನು ಹಿಚುಕಿದ, ಹಿಂಡಿದ, ಅಂಗೈಯಿಂದ ಅದಮಿ ಅದಮಿ ನೋಡಿದ. ಅಕ್ಕಿ ಸಿಗಲಿಲ್ಲ. ಅವನು ಕೈ ತೆಗೆಯುವುದರೊಳಗೆ ನನಗೆ ಹೊಳೆಯಿತು. ಇಂತಹ ಕೂಲಂಕಷ ಪರಿಶೀಲನೆ ಇನ್ನೆಲ್ಲಿ ದೊರೆತೀತು?

“ಸ್ವಾಮಿ, ಇನ್ನೊಂದು ಸಲ ಹುಡುಕಿ. ಈ ಮೂಲೆ ಬಿಟ್ಟಿರಿ. ಗಟ್ಟಿಯಾಗಿ ಒತ್ತಿ!”

ಅವನು ನನ್ನನ್ನು ಬಹಳ ಹೊತ್ತು ನೋಡಿದ. “ಈವಯ್ಯನ್ ಜೊತೇಲಿ ಯಾರಿದ್ದೀರಿ?” ಎಂದ. ಕೆಂಪಮ್ಮ ನಾಚುತ್ತ ಕೈ ಎತ್ತಿದಳು. “ವಸಿ ಉಸಾರಾಗಿ ಕರ್ಕೊಂಡೋಗಮ್ಮ” ಎಂದು ಇಳಿದುಹೋದ.

ಬೆಳಕವಾಡಿಯ ಮನೆಯಲ್ಲಿ ಹೆಂಗಸರು ತುಂಬಿದ್ದರು. ಜಯಮ್ಮ ಗೋಡೆಗೊರಗಿ ಕುಳಿತಿದ್ದಳು. ಅತ್ತೆಯವರು ಕೌದಿಯನ್ನು ಎರಡು ಬೆರಳಿನಲ್ಲಿ ಎತ್ತಿ, ತಿರುಗಿಸಿ, ಮತ್ತೆ ತಿರುಗಿಸಿದರು.

“ಇದ್ರಲ್ಲಿ ಮೇಲ್ ಯಾವ್ದು, ಕೆಳುಗ್ ಯಾವ್ದು ಅಳಿಯಂದ್ರೆ?”

ಉತ್ತರ ನನಗೂ ತಿಳಿದಿರಲಿಲ್ಲ. ಅವರು ಅದನ್ನು ನೆಲಕ್ಕೆ ಹಾಸಿ ಕೂಸನ್ನು ಎತ್ತಿಕೊಂಡರು. ಕೆಂಪು ಮುಖದ, ಮುಷ್ಟಿಯಷ್ಟು ತಲೆಯ ಕೂಸು. ಅದು ನನ್ನತ್ತ ಕಣ್ಣು ಬಿಟ್ಟಿತು.

“ತಡೀರಿ!” ಎಂದು ಕೂಗಿದೆ. “ಮೊದಲು ನಾನು ಮಲಗುತ್ತೇನೆ!”

ಯಾರಾದರೂ ತಡೆಯುವ ಮೊದಲೇ ಕೌದಿಯ ಮೇಲೆ ಬಿದ್ದು ಉರುಳಿದೆ. ಬೆನ್ನಿನ ಮೇಲೆ, ಹೊಟ್ಟೆಯ ಮೇಲೆ, ಎರಡೂ ಮಗ್ಗುಲಿಗೆ. ಹೆಂಗಸರು ಹಾಡುತ್ತಿದ್ದ ಸೋಬಾನೆ ನಿಂತುಹೋಯಿತು. ಒಬ್ಬಾಕೆ ವಿಭೂತಿ ತರಲು ಓಡಿದಳು.

“ಏನಾಯ್ತ್ರೀ ನಿಮ್ಗೆ?” ಎಂದು ಜಯಮ್ಮ ಅಳುವ ದನಿಯಲ್ಲಿ ಕೇಳಿದಳು.

ಇನ್ನು ಮುಚ್ಚಿಟ್ಟು ಫಲವಿಲ್ಲ. “ಕೆಂಪಮ್ಮನ ಸೂಜಿ ಇದರೊಳಗೆ ಕಳೆದುಹೋಗಿದೆ. ಎಲ್ಲ ಬಿಚ್ಚಿ ಹುಡುಕಿದರೂ ಸಿಗಲಿಲ್ಲ” ಎಂದೆ.

“ನನ್ ಸೂಜಿಯಾ?” ಎಂದಳು ಕೆಂಪಮ್ಮ. “ಅದು ನಮ್ಮನೇಲೇ ಐತಲ್ಲಣ್ಣ! ಅವತ್ತು ದೀಪ ಅಚ್ಚೊ ಒತ್ತಾಯ್ತು, ನೀನಿರ್ನಿಲ್ಲ. ಕೌದಿಗ್ ಚುಚ್ಚಿತ್ತು, ಕಿತ್ಕೊಂಡೋದೆ.”

“ಹೇಳಬಾರದಿತ್ತೆ?”

“ನೀನ್ ಕೇಳ್ಬಾರ್ದಿತ್ತಾ? ನಾನ್ ಕಂಡ್ರೆ ಇತ್ತಿಲ್ ಬಾಗ್ಲಿಂದ ಓಡೋಗ್ತಿದ್ದೆ! ಈವಯ್ಯನ್ಗೆ ಏನ್ ಗುಟ್ಟೋ ಅಂತ ನಾನೂ ಸುಮ್ಕಿದ್ದೆ.”

ಮನೆಯೆಲ್ಲ ನಗೆಯೋ ನಗೆ. ನನ್ನ ಎದೆಯ ಮೇಲಿನ ಕಲ್ಲು ಇಳಿಯಿತು. ಅತ್ತೆಯವರೂ ನಕ್ಕು, ಕೂಸನ್ನು ಕೌದಿಯ ಮೇಲೆ ಮಲಗಿಸಲು ಬಗ್ಗಿದರು. ಆಗ ಜಯಮ್ಮ, ನಗುತ್ತಿದ್ದವಳು, ಸಟ್ಟನೆ ನಿಲ್ಲಿಸಿದಳು.

“ಎಲ್ಲಾ ಬಿಚ್ಚಾಕಿದ್ರಲ್ಲ, ಮತ್ತೆ ಯಾವ್ದ್ರಲ್ಲಿ ಒಲಿದ್ರಿ?”

“ರಹಮಾನರ ಬೀಬಿ ಕೊಟ್ಟ ಸೂಜಿಯಲ್ಲಿ.”

“ಅದೆಲ್ಲೈತೆ?”

ಬಸ್ಸಿನ ಹಾರನ್ನು ನೆನಪಾಯಿತು. ದಾರ ಕಡಿದದ್ದು ನೆನಪಾಯಿತು. ಗಂಟು ಕಟ್ಟಿದ್ದೂ ನೆನಪಾಯಿತು. ಸೂಜಿಯ ಬಗ್ಗೆ ಏನೊಂದೂ ನೆನಪಾಗಲಿಲ್ಲ.

“ಈಗತಾನೆ ನಾನು ಉರುಳಾಡಿ ನೋಡಿದೆನಲ್ಲ!” ಎಂದೆ.

“ನೀವ್ ಉಳ್ಳಾಡಿದ್ದು ಆ ಸೂಜಿಗೆ” ಎಂದರು ಅತ್ತೆಯವರು, ಕೂಸನ್ನು ಎದೆಗೊತ್ತಿಕೊಂಡು. “ಈ ಸೂಜಿಗೆ ಯಾರ್ ಉಳ್ಳಾಡಾರು?”

ಆಮೇಲೆ ಅವರು ಪೆಟ್ಟಿಗೆ ತೆರೆದು, ಮಡಿಸಿಟ್ಟಿದ್ದ ಒಂದು ಕೌದಿಯನ್ನು ಹೊರತೆಗೆದರು. ಅಚ್ಚುಕಟ್ಟಾದ ಚೌಕ, ಇರುವೆ ಸಾಲಿನಂತಹ ಹೊಲಿಗೆ.

“ಇದ್ ಯಾವಾಗ್ ಒಲ್ದೆ ಅವ್ವ?” ಎಂದಳು ಜಯಮ್ಮ.

“ನಿನ್ ಮದ್ವೆ ಆಗಿದ್ ವರ್ಸ.”

ಕೂಸು ಅದರ ಮೇಲೆ ಹಾಯಾಗಿ ನಿದ್ದೆಹೋಯಿತು.

ನಾನು ಹೊಲಿದ ಕೌದಿ ನನ್ನ ಸುಪರ್ದಿಗೆ ಬಂತು. ರಹಮಾನರ ಬೀಬಿ ಕಂಡಾಗಲೆಲ್ಲ ಸೂಜಿ ಕೇಳುತ್ತಾರೆ. ಹುಡುಕುತ್ತಿದ್ದೇನೆ ಎನ್ನುತ್ತೇನೆ. ಅದು ಸುಳ್ಳಲ್ಲ. ಬೇರೆ ಯಾರೂ ಮುಟ್ಟದ ಕಾರಣ ದಿನವೂ ಅದರ ಮೇಲೆ ನಾನೇ ಮಲಗುತ್ತೇನೆ. ಕೂಸಿನ ಅಳತೆಯದಾದ್ದರಿಂದ ನನ್ನ ಕಾಲುಗಳು ಹೊರಗೇ ಉಳಿಯುತ್ತವೆ. ಕಾಲುಗಳ ಮಟ್ಟಿಗೆ ಹೇಳುವುದಾದರೆ, ಭಯಕ್ಕೆ ಕಾರಣವಿಲ್ಲ!